ಜಿನೋವಾದ ಗಲ್ಲಿಯಲ್ಲಿ ಝುಣಕದ ವಡಿ

ಅಮೃತಶಿಲೆಯ ಮೇಜಿನ ಮೇಲೆ ಒಂದು ಬಿಳಿ ತಟ್ಟೆ ಬಂತು. ತಿಳಿ ಹಳದಿ ಹೋಳುಗಳು, ಮೇಲೆ ಹೆಚ್ಚಿದ ಈರುಳ್ಳಿ ಸೊಪ್ಪು, ಆಲಿವ್ ಎಣ್ಣೆ, ಹಿಂಡಿದ ನಿಂಬೆಹಣ್ಣು. ಅವ್ವ ಒಂದು ಹೋಳು ಬಾಯಿಗೆ ಹಾಕಿಕೊಂಡಳು. ಎರಡು ಸಲ ಅಗಿದು ಸುಮ್ಮನಾದಳು. ಆಮೇಲೆ ನನ್ನ ಕಡೆ ತಿರುಗಿದಳು.

"ತಮ್ಮಾ, ಇದು ಝುಣಕದ ವಡಿ ಐತಲ್ಲೋ!"

ಝುಣಕದ ವಡಿ ಅಂದರೆ ನಮ್ಮ ಕಡೆ ಕಡಲೆಹಿಟ್ಟು ಬೇಯಿಸಿ, ತಟ್ಟೆಗೆ ತಟ್ಟಿ, ಕತ್ತರಿಸುವ ಹೋಳು. ಇಟಲಿಯ ಜಿನೋವಾದ ಹಳೇ ಬಂದರಿನ ಹಿಂದಿನ ಗಲ್ಲಿಯೊಂದರಲ್ಲಿ, ಕಟ್ಟಿಗೆ ಒಲೆಯ ಮುಂದೆ ಕೂತು ಧಾರವಾಡದ ಅವ್ವ ಈ ಮಾತು ಹೇಳಿದಳು. ಈ ಪ್ರವಾಸದ ಬಗ್ಗೆ ಬರೆಯಲೇಬೇಕು ಅಂತ ನನಗೆ ಅನಿಸಿದ್ದು ಆಗಲೇ.

ನಾನು ಕೆಲಸದ ಮೇಲೆ ಮ್ಯೂನಿಕ್‌ನಲ್ಲಿದ್ದೇನೆ. ಅವ್ವ ಎರಡು ತಿಂಗಳಿಗೆ ಬಂದಿದ್ದಳು. ಆಕೆಗೆ ಸಮುದ್ರ ಇಷ್ಟ. ಹಾಗಾಗಿ ರೈಲಿನಲ್ಲಿ ವೆರೋನಾ, ಮಿಲಾನ್ ದಾಟಿ ಇಟಲಿಯ ವಾಯವ್ಯ ಕರಾವಳಿಗೆ, ಲಿಗೂರಿಯಾಕ್ಕೆ ಹೋದೆವು. ಕಮೋಲಿ ಅನ್ನುವ ಸಣ್ಣ ಊರಲ್ಲಿ ನಾಲ್ಕು ರಾತ್ರಿಗೆ ಕೋಣೆ ಹಿಡಿದಿದ್ದೆ. ಸಮುದ್ರಕ್ಕೆ ಮುಖ ಮಾಡಿ ಆರೇಳು ಅಂತಸ್ತಿನ ಬಣ್ಣಬಣ್ಣದ ಮನೆಗಳು ಸಾಲಾಗಿ ನಿಂತಿವೆ. ಮೊದಲ ಸಂಜೆ ಅವ್ವ ಎದುರಿನ ಗೋಡೆಯ ಒಂದು ಕಿಟಕಿಯನ್ನೇ ನೋಡುತ್ತಿದ್ದಳು. "ಆ ಕಿಟಕಿ ಯಾರೂ ತೆಗೆಯೂದೇ ಇಲ್ಲಲ್ಲೋ" ಅಂದಳು. ಹತ್ತಿರ ಹೋಗಿ ನೋಡಿದರೆ ಅದು ಬಣ್ಣದಲ್ಲಿ ಬರೆದ ಕಿಟಕಿ. ಬಾಗಿಲು, ನೆರಳು, ಚೌಕಟ್ಟು ಎಲ್ಲವೂ ಕುಂಚದ್ದೇ. ಆ ಕರಾವಳಿಯ ಮನೆಗಳಿಗೆ ಹೀಗೆ ಬರೆಯುವುದು ಹಳೇ ಪದ್ಧತಿ.

ಮರುದಿನ ಚಿಂಕ್ವೆ ತೆರ್ರೆ, ಅಂದರೆ ಬೆಟ್ಟದಂಚಿಗೆ ಅಂಟಿಕೊಂಡ ಐದು ಊರುಗಳು. 1997ರಿಂದ ಯುನೆಸ್ಕೊ ಪಟ್ಟಿಯಲ್ಲಿವೆ. ಗಾರೆ ಇಲ್ಲದೆ ಕಲ್ಲು ಜೋಡಿಸಿ ಕಟ್ಟಿದ ಮೆಟ್ಟಿಲು ಹೊಲಗಳು, ದ್ರಾಕ್ಷಿ ಬಳ್ಳಿ, ಕೆಳಗೆ ಕಡುನೀಲಿ ನೀರು. ನೋಡಲು ಎರಡು ಕಣ್ಣು ಸಾಲದು. ಅದರ ಬಗ್ಗೆ ಬರೆದವರು ಬಹಳ ಜನ ಇದ್ದಾರೆ, ನಾನು ಆ ದಿನದ ಊಟದ ಬಗ್ಗೆ ಬರೆಯುತ್ತೇನೆ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಮಧ್ಯಾಹ್ನ ಎರಡೂಕಾಲು. ಅವ್ವ ಮೆಟ್ಟಿಲು ಹತ್ತಿ ಇಳಿದು ಸುಸ್ತಾಗಿದ್ದಳು. ದೋಣಿಗಳ ಎದುರಿಗೇ ಒಂದು ಹೋಟೆಲು. ಬಾಗಿಲಲ್ಲಿ ನಿಂತವನು ಕೈ ಮಾಡಿ ಕರೆದ. ಮೆನುವಿನಲ್ಲಿ ಆರು ಭಾಷೆ, ಪ್ರತಿ ತಿಂಡಿಗೂ ಫೋಟೊ. "ವೆಜಿಟೇರಿಯನ್ ಏನಿದೆ?" ಅಂತ ಕೇಳಿದೆ. ಅವನು "ವೆರ್ದೂರೆ ರಿಪಿಯೇನೆ" ಅಂತ ಬೆರಳಿಟ್ಟು ತೋರಿಸಿದ. ತುಂಬಿದ ತರಕಾರಿ. ಬದನೆಕಾಯಿ, ಈರುಳ್ಳಿ, ಸೀಮೆಸೌತೆ. ಅವ್ವನಿಗೆ ಎಣ್ಣೆಗಾಯಿ ನೆನಪಾಗಿ ಮುಖ ಅರಳಿತು. ಮೊದಲ ತುತ್ತಿಗೇ ಏನೋ ಅನುಮಾನ ಬಂದು ಹೊರಗೆ ತೆಗೆದಳು. ಒಳಗಿದ್ದದ್ದು ಹಂದಿ ಮಾಂಸದ ಮೊರ್ತದೆಲ್ಲಾ. ಕರೆದು ಕೇಳಿದರೆ, "ಸ್ವಲ್ಪ ಮಾತ್ರ, ರುಚಿಗೆ" ಅಂತ ಭುಜ ಹಾರಿಸಿದ. ಅವ್ವ ಹುಟ್ಟಿದಾಗಿನಿಂದ ಮಾಂಸ ಮುಟ್ಟಿದವಳಲ್ಲ. ಒಂದು ಮಾತೂ ಆಡಲಿಲ್ಲ. ಎದ್ದು ಹೋಗಿ ಬಾಯಿ ತೊಳೆದು ಬಂದು ಕೂತಳು. ಆ ಇಡೀ ದಿನ ನೀರು ಬಿಟ್ಟು ಏನೂ ತೆಗೆದುಕೊಳ್ಳಲಿಲ್ಲ. ಅಷ್ಟಾದರೂ ಬಿಲ್ಲಿನಲ್ಲಿ ಊಟದ ದುಡ್ಡು, ನೀರಿನ ದುಡ್ಡು, ಅದರ ಮೇಲೆ ತಲೆಗೆ ಮೂರು ಯೂರೋ 'ಕೊಪೆರ್ತೊ' ಎಲ್ಲವೂ ಇದ್ದವು.

ಕೊಪೆರ್ತೊ ಅಂದರೆ ಕೂತದ್ದಕ್ಕೆ, ಬ್ರೆಡ್ಡಿಗೆ ಸೇರಿಸಿ ಹಾಕುವ ಹಣ. ಇದು ಮೋಸವೇನಲ್ಲ, ಮೆನುವಿನಲ್ಲಿ ಬರೆದಿರುತ್ತದೆ, ಕೂರುವ ಮೊದಲೇ ಓದಿಕೊಳ್ಳಿ. ಮೀನು ತಿನ್ನುವವರು ಇನ್ನೊಂದು ಗಮನಿಸಿ: ಬೆಲೆಯ ಪಕ್ಕ 'ಎತ್ತೊ' ಅಂತಿದ್ದರೆ ಅದು ನೂರು ಗ್ರಾಂಗೆ. ಪಕ್ಕದ ಮೇಜಿನ ಗಂಡ ಹೆಂಡತಿ ಅದು ಇಡೀ ಮೀನಿನ ಬೆಲೆ ಅಂದುಕೊಂಡು ಬಿಲ್ಲು ನೋಡಿ ಬೆಚ್ಚಿದ್ದನ್ನು ಕಂಡೆ. ಇನ್ನು ನಮ್ಮಂಥ ಸಸ್ಯಾಹಾರಿಗಳು 'ವೆಜಿಟೇರಿಯನ್' ಅನ್ನುವ ಒಂದೇ ಪದ ನಂಬಿ ಕೂರಬಾರದು. ಒಂದೊಂದನ್ನೂ ಹೆಸರು ಹಿಡಿದು ಹೇಳಬೇಕು. ಸೆಂತ್ಸಾ ಕಾರ್ನೆ, ಮಾಂಸ ಬೇಡ. ಸೆಂತ್ಸಾ ಪೆಶೆ, ಮೀನು ಬೇಡ. ಸೆಂತ್ಸಾ ಅಚ್ಚೂಗೆ, ಅಲ್ಲಿ ಎಲ್ಲದಕ್ಕೂ ಹಾಕುವ ಸಣ್ಣ ಉಪ್ಪುಮೀನು ಬೇಡ. ಸೂಪಾದರೆ 'ಬ್ರೋದೊ', ಅಂದರೆ ಅದಕ್ಕೆ ಹಾಕಿದ ಬೇಯಿಸಿದ ರಸ, ಯಾವುದರದ್ದು ಅಂತ ಕೇಳಿ. ಬೇಕರಿಯಲ್ಲಿ ಫೊಕಾಚ್ಚಾ ಅನ್ನುವ ಚಪ್ಪಟೆ ಬ್ರೆಡ್ಡು ಕೊಳ್ಳುವಾಗ 'ಸ್ತ್ರುತ್ತೊ' ಇದೆಯಾ ಅಂತ ಕೇಳಿ. ಅದು ಹಂದಿ ಕೊಬ್ಬು. ಹೆಚ್ಚಿನವರು ಆಲಿವ್ ಎಣ್ಣೆಯನ್ನೇ ಹಾಕುತ್ತಾರೆ, ಆದರೆ ಎಲ್ಲರೂ ಅಲ್ಲ.

ಲಿಗೂರಿಯಾದ ಹೆಸರುವಾಸಿ ಪೆಸ್ಟೊ ಕೂಡ ಅವ್ವನಿಗೆ ಆಗುವುದಿಲ್ಲ. ತುಳಸಿಯ ಜಾತಿಯ ಬಸಿಲಿಕೊ ಎಲೆ, ಬೆಳ್ಳುಳ್ಳಿ, ಪೈನ್ ಬೀಜ, ಕಲ್ಲುಪ್ಪು, ಆಲಿವ್ ಎಣ್ಣೆ, ಎರಡು ಬಗೆಯ ಚೀಸು, ಎಲ್ಲವನ್ನೂ ಕಲ್ಲಿನ ಒರಳಲ್ಲಿ ಅರೆಯುತ್ತಾರೆ. ಅದರಲ್ಲಿ ಬೀಳುವ ಪರ್ಮಿಜಾನೊ ಚೀಸಿಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಅವ್ವನಿಗೆ ಇದನ್ನು ಮುಚ್ಚಿಡಲು ನನಗೆ ಮನಸ್ಸು ಬರಲಿಲ್ಲ. ನಾನು ಮಾತ್ರ ಕಮೋಲಿಯಲ್ಲಿ ಒಂದು ರಾತ್ರಿ ತಿಂದೆ. ಆಲೂಗಡ್ಡೆ, ಹುರುಳಿಕಾಯಿ ಜೊತೆ ಒಂದೇ ನೀರಲ್ಲಿ ಬೇಯಿಸಿದ ಟ್ರೋಫಿಯೆ ಪಾಸ್ತಾಕ್ಕೆ ಕಲಸಿ ಕೊಟ್ಟರು. ಪರಿಮಳ ಈಗಲೂ ಮೂಗಲ್ಲಿದೆ. ಆದರೆ ಎದುರಿಗೆ ಅವ್ವ ಬಾಳೆಹಣ್ಣು, ಮನೆಯಿಂದ ತಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತ ಕೂತಿದ್ದಳು. ಗಂಟಲಲ್ಲಿ ಇಳಿಯಲಿಲ್ಲ.

ಚಿಂಕ್ವೆ ತೆರ್ರೆಯಿಂದ ವಾಪಸು ಬಂದ ರಾತ್ರಿ, ಮ್ಯೂನಿಕ್‌ನ ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಗೆಳೆಯನಿಗೆ ಫೋನ್ ಮಾಡಿದೆ. ಅವನ ತಾಯಿಯ ಊರು ಜಿನೋವಾ. ನನ್ನ ಹರಕುಮುರುಕು ಇಟಾಲಿಯನ್ನಿಗೂ ಅವನೇ ಗುರು. "ಸಮುದ್ರ ಕಾಣುವ ಕಡೆ ಉಣ್ಣಬೇಡ" ಅಂದ. "ಸಮುದ್ರಕ್ಕೆ ಬೆನ್ನು ಹಾಕಿ ಗಲ್ಲಿ ಒಳಗೆ ನಡಿ. ಮೆನು ಕೈಬರಹದಲ್ಲಿರಬೇಕು, ಒಂದೇ ಹಾಳೆ ಇರಬೇಕು. ಹನ್ನೆರಡೂವರೆಗೆ ಬಂದರಿನ ಕೂಲಿಗಳು, ಆಫೀಸಿನವರು ಎಲ್ಲಿ ನುಗ್ಗುತ್ತಾರೋ ಅಲ್ಲಿ ನುಗ್ಗು. ಎರಡೂವರೆಗೆ ಅಡುಗೆಮನೆ ಮುಚ್ಚುತ್ತದೆ, ಮತ್ತೆ ತೆಗೆಯುವುದು ಏಳೂವರೆಗೆ. ಮಧ್ಯದಲ್ಲಿ ತೆರೆದಿರುವುದು ಪ್ರವಾಸಿಗಳಿಗೆ." ಆಮೇಲೆ ಸ್ವಲ್ಪ ತಡೆದು, "ತಾಯಿ ಇದ್ದಾರಲ್ವಾ? ಫರಿನಾತಾ ತಿನ್ನಿಸು. ಅದರಲ್ಲಿ ನಾಲ್ಕೇ ಸಾಮಾನು" ಅಂದ.

ಶನಿವಾರ ಜಿನೋವಾಕ್ಕೆ ಹೋದೆವು. ಬಂದರಿನ ಎದುರಿಗೆ ಸೊತ್ತೊರೀಪಾ ಅಂತ ಹಳೇ ಕಮಾನುಗಳ ಸಾಲು. ಅಲ್ಲಿಂದ ಒಳಗೆ ಹೊಕ್ಕರೆ ಕರುಜ್ಜಿ, ಅಂದರೆ ಸಂದಿಗಳು. ಕೆಲವು ಕಡೆ ಎರಡೂ ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ. ಮೇಲೆ ಒಣಗಲು ಹಾಕಿದ ಬಟ್ಟೆ, ಅದರಾಚೆ ಒಂದು ಗೇಣು ಆಕಾಶ. ಕಟ್ಟಿಗೆ ಹೊಗೆಯ ವಾಸನೆ ಮೊದಲು ಹಿಡಿದವಳು ಅವ್ವನೇ. "ಒಲಿ ಹಚ್ಯಾರ" ಅಂತ ಮುಂದೆ ನಡೆದಳು, ನಾನು ಹಿಂದೆ.

ಬಿಳಿ ಟೈಲ್ಸಿನ ಸಣ್ಣ ಅಂಗಡಿ. ನಾಲ್ಕು ಮೇಜು. ಗೋಡೆಯಲ್ಲಿ ಒಲೆಯ ಬಾಯಿ, ಒಳಗೆ ಒಂದು ಪಕ್ಕಕ್ಕೆ ಕೆಂಡ, ಉರಿ. ಇಂಥ ಅಂಗಡಿಗೆ ಅಲ್ಲಿಯ ಭಾಷೆಯಲ್ಲಿ ಶಮಾದ್ದಾ ಅನ್ನುತ್ತಾರೆ. ಭಗ್ಗನೆ ಏಳುವ ಉರಿಯಿಂದ ಬಂದ ಹೆಸರು. ಅವ್ವನ ವಯಸ್ಸಿನ ಒಬ್ಬ ಹೆಂಗಸು, ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡು, ತಾಮ್ರದ ತಟ್ಟೆಗೆ ಎಣ್ಣೆ ಸುರಿಯುತ್ತಿದ್ದರು. ಅದು ಸಾಮಾನ್ಯ ತಟ್ಟೆಯಲ್ಲ. ನಮ್ಮ ಜಾತ್ರೆಯಲ್ಲಿ ಮಿರ್ಚಿ ಕರಿಯುವ ಬಾಣಲೆಗಿಂತ ಅಗಲ, ಕಲಾಯಿ ಹಾಕಿದ್ದು, ಅಂಚು ಎರಡು ಬೆರಳೂ ಇಲ್ಲ. ಎಣ್ಣೆಯ ಮೇಲೆ ತೆಳ್ಳಗಿನ ಹಳದಿ ಹಿಟ್ಟು ಹೊಯ್ದು, ಮರದ ಸೌಟಿನಿಂದ ಎಣ್ಣೆ ಹಿಟ್ಟು ಎರಡನ್ನೂ ಸೇರಿಸಿ, ಉದ್ದ ಹಿಡಿಕೆಯ ಮೇಲೆ ಒಲೆಯೊಳಗೆ ಜಾರಿಸಿದರು. ಹತ್ತು ನಿಮಿಷ ಆಗಿರಬಹುದು. ಹೊರಗೆ ಬಂದಾಗ ಮೇಲೆ ಕೆಂಪು, ಅಲ್ಲಲ್ಲಿ ಕಪ್ಪು ಚುಕ್ಕೆ, ಅಂಚಿನಲ್ಲಿ ಎಣ್ಣೆ ಕುದಿಯುತ್ತಿತ್ತು. ಕತ್ತರಿಸಿ, ಕಾಳುಮೆಣಸಿನ ಪುಡಿ ಉದುರಿಸಿ ಕೊಟ್ಟರು. ಮೇಲೆ ಗರಿಗರಿ, ಒಳಗೆ ಮೆತ್ತಗೆ. ಕಡಲೆಹಿಟ್ಟು, ನೀರು, ಎಣ್ಣೆ, ಉಪ್ಪು. ಗೆಳೆಯ ಹೇಳಿದ ನಾಲ್ಕೇ ಸಾಮಾನು.

ಅವ್ವ ಎರಡು ಪಾಲು ತಿಂದಳು. ಒಂದೂವರೆ ದಿನದ ಹಸಿವು. ಅವಳು ತಿನ್ನುವುದನ್ನು ನೋಡುತ್ತ ನನ್ನ ಕಣ್ಣು ತುಂಬಿತು.

ಗಾಜಿನ ಹಿಂದೆ ಕರಿದ ತುಂಡುಗಳೂ ಇದ್ದವು. ಪನಿಸ್ಸಾ ಅಂತೆ, ಅದೂ ಕಡಲೆಹಿಟ್ಟಿನದು. ಕೊಡಿ ಅಂದೆ. ಆ ಸಿನ್ಯೋರಾ ಅವ್ವನನ್ನು ನೋಡಿದರು, ನನ್ನನ್ನು ನೋಡಿದರು. "ಮೀನೂ ತಿನ್ನುವುದಿಲ್ಲ ಅಂದಿರಲ್ಲ? ಹಾಗಾದರೆ ಇದು ಬೇಡ. ಇದೇ ಎಣ್ಣೆಯಲ್ಲಿ ಮೀನೂ ಕರಿಯುತ್ತೇವೆ" ಅಂದರು. ನಾನು ಕೇಳಿರಲೇ ಇಲ್ಲ. ತಾವಾಗಿಯೇ ಹೇಳಿದರು. ಒಳಗೆ ಹೋಗಿ, ಕರಿಯದೆ ಇಟ್ಟಿದ್ದ ಪನಿಸ್ಸಾವನ್ನು ಬೇರೆ ಚಾಕುವಿನಿಂದ ಹೋಳು ಮಾಡಿ ತಂದರು. ಮೊದಲು ಹೇಳಿದ ತಟ್ಟೆ ಅದೇ.

ಅಲ್ಲಿಂದ ಮುಂದಿನ ಒಂದು ತಾಸು ಇಬ್ಬರು ಹೆಂಗಸರದ್ದು. ನಾನು ನಡುವೆ ಮಾತು ದಾಟಿಸಿದೆ ಅಷ್ಟೇ.

"ಕೇಳು ಆಕಿನ್ನ, ನೀರು ಕುದ್ದ ಮ್ಯಾಲೆ ಹಿಟ್ಟು ಹಾಕ್ತಾಳೋ, ತಣ್ಣೀರಾಗ ಕಲಸ್ತಾಳೋ?"

ತಣ್ಣೀರಲ್ಲಿ ಕಲಸಿ, ಆಮೇಲೆ ಒಲೆಗೆ. ಕೈ ಬಿಡದೆ ತಿರುವಬೇಕು, ಸುಮಾರು ಒಂದು ತಾಸು. ಆಮೇಲೆ ತಟ್ಟೆಗೆ ಹೊಯ್ದು ಆರಲು ಬಿಡಬೇಕು.

"ಒಂದು ತಾಸು? ನಾವು ಹತ್ತು ನಿಮಿಷದಾಗ ಇಳಸ್ತೀವಿ." ಅವ್ವ ಕೈಯಲ್ಲೇ ಮಾಡಿ ತೋರಿಸಿದಳು. ಎಣ್ಣೆ, ಸಾಸಿವೆ, ಜೀರಿಗೆ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಅರಿಶಿನ. ನೀರು ಕುದಿಸಿ, ಹಿಟ್ಟು ಹಾಕಿ, ಗಂಟಾಗದಂತೆ ತಿರುವಿ, ತಟ್ಟೆಗೆ ತಟ್ಟಿ, ಮೇಲೆ ಒಣಕೊಬ್ಬರಿ, ಕೊತ್ತಂಬರಿ. ಚಾಕುವಿನಿಂದ ಓರೆ ಗೆರೆ ಎಳೆದು ವಡಿ ಕತ್ತರಿಸುವುದನ್ನು ಗಾಳಿಯಲ್ಲಿ ತೋರಿಸಿದಾಗ ಸಿನ್ಯೋರಾ ನಕ್ಕು, ತಮ್ಮ ಚಾಕುವಿನಿಂದ ಅದೇ ಓರೆ ಗೆರೆ ಎಳೆದರು.

ಫರಿನಾತಾ ಹಿಟ್ಟಿಗೆ ಒಂದು ಪಾಲು ಕಡಲೆಹಿಟ್ಟಿದ್ದರೆ ಮೂರು ಪಾಲು ನೀರು. ಕಡಿಮೆ ಅಂದರೂ ನಾಲ್ಕು ತಾಸು ನೆನೆಯಬೇಕು. ಮೇಲೆ ಬಂದ ನೊರೆ ತೆಗೆಯಬೇಕು, ಇಲ್ಲದಿದ್ದರೆ ಕಹಿ ಬರುತ್ತದಂತೆ. ಅಲ್ಲಿಯದು ಕಾಬೂಲಿ ಕಡಲೆಯ ಹಿಟ್ಟು, ಬಣ್ಣ ನಮ್ಮದಕ್ಕಿಂತ ತಿಳಿ. ಅವ್ವ ಚಿಟಿಕೆ ಹಿಟ್ಟು ಇಸಿದುಕೊಂಡು ಬೆರಳ ನಡುವೆ ಉಜ್ಜಿ ನೋಡಿದಳು.

ಫರಿನಾತಾದ ಹುಟ್ಟಿನ ಬಗ್ಗೆ ಊರವರು ಹೇಳುವ ಕಥೆಯನ್ನೂ ಆಕೆ ಹೇಳಿದರು. 1284ರಲ್ಲಿ ಮೆಲೋರಿಯಾದ ಹತ್ತಿರ ಜಿನೋವಾ ಪೀಸಾದ ನೌಕಾಪಡೆಯನ್ನು ಸೋಲಿಸಿತು. ವಾಪಸು ಬರುವಾಗ ಬಿರುಗಾಳಿ. ಹಡಗಿನಲ್ಲಿದ್ದ ಕಡಲೆಹಿಟ್ಟು, ಎಣ್ಣೆ ಪೀಪಾಯಿ ಒಡೆದು ಸಮುದ್ರದ ನೀರಲ್ಲಿ ಕಲಸಿಹೋಯಿತು. ಎಸೆಯಲು ಮನಸ್ಸಿಲ್ಲದೆ ಬಿಸಿಲಿಗಿಟ್ಟರು, ಒಣಗಿದ್ದನ್ನು ತಿಂದರೆ ರುಚಿ. ಯುದ್ಧ ನಡೆದದ್ದು ನಿಜ, ಉಳಿದದ್ದು ಕಥೆ. ನನಗೆ ಹೊಳೆದ ಕಾರಣ ಬೇರೆ. ಅಲ್ಲಿ ಬೆಟ್ಟ ನೇರ ಸಮುದ್ರಕ್ಕೆ ಇಳಿಯುತ್ತದೆ. ಗೋಧಿ ಬೆಳೆಯಲು, ದನ ಮೇಯಿಸಲು ಬಯಲೇ ಇಲ್ಲ. ಆಲಿವ್ ಬೆಳೆಯುತ್ತದೆ, ಸೊಪ್ಪು ಬೆಳೆಯುತ್ತದೆ. ಹೀಗೆ ಬೆಣ್ಣೆಯ ಜಾಗಕ್ಕೆ ಎಣ್ಣೆ ಬಂತು, ಬಡವರ ಹೊಟ್ಟೆಗೆ ಕಡಲೆ ಬಂತು. ಜಿನೋವಾದಿಂದ ವಲಸೆ ಹೋದವರು ಇದನ್ನು ಅರ್ಜೆಂಟೀನಾ, ಉರುಗ್ವೆಗೂ ಒಯ್ದರು. ಅಲ್ಲಿ ಈಗಲೂ ಜಿನೋವಾದ ಆಡುಮಾತಿನ ಹೆಸರಿನಲ್ಲೇ 'ಫೈನಾ' ಅನ್ನುತ್ತಾರೆ.

ಹೊರಡುವ ಮುಂಚೆ ಅವ್ವ ಚೀಲದಿಂದ ಶೇಂಗಾ ಚಟ್ನಿ ಡಬ್ಬಿ ತೆಗೆದಳು. ಒಂದು ಹೋಳಿನ ಮೇಲೆ ಉದುರಿಸಿ ಸಿನ್ಯೋರಾಗೆ ಕೊಟ್ಟಳು. ಅವರು ಕಣ್ಣು ಮುಚ್ಚಿ ನಿಧಾನಕ್ಕೆ ತಿಂದರು. ಮೂಗಿನ ತುದಿ ಕೆಂಪಾಯಿತು. ನೀರು ಕುಡಿದರು. ಮತ್ತೆ ಇನ್ನೊಂದು ಹೋಳು ಎತ್ತಿ ಡಬ್ಬಿಯ ಕಡೆ ಹಿಡಿದರು. ಡಬ್ಬಿಯಲ್ಲಿ ಉಳಿದದ್ದು ತಳಕ್ಕೆ ಅಂಟಿದಷ್ಟೇ. "ಸೋಮವಾರ ತರ್ತೀನಿ ಅಂತ ಹೇಳು" ಅಂದಳು ಅವ್ವ. ಕೋಣೆಯಲ್ಲಿ ಇನ್ನೊಂದು ಪೊಟ್ಟಣ ಇತ್ತು.

ಭಾನುವಾರ ಕಮೋಲಿಯ ಹತ್ತಿರದ ಪೋರ್ಟೊಫಿನೊ ಅನ್ನುವ ಊರು ನೋಡಿದೆವು. ಚೆಂದ ಇದೆ. ಕಾಫಿಯ ಬೆಲೆ ನೋಡಿ ಎದ್ದು ಬಂದೆವು.

ಸೋಮವಾರ ವಾಪಸು ಹೊರಡುವ ದಿನ. ರೈಲಿಗೆ ಮೂರು ತಾಸು ಇರುವಾಗಲೇ ಅದೇ ಗಲ್ಲಿಗೆ ಹೋದೆವು. ಹೊಗೆಯ ವಾಸನೆ ಇರಲಿಲ್ಲ. ಕಬ್ಬಿಣದ ಬಾಗಿಲು ಇಳಿದಿತ್ತು. ಅದರ ಮೇಲೆ ಸಣ್ಣ ಹಲಗೆ: 'ಕ್ಯೂಝೊ ಇಲ್ ಲುನೆದಿ', ಸೋಮವಾರ ರಜೆ. ಶನಿವಾರ ಬಾಗಿಲು ಮೇಲಕ್ಕೆ ಸುತ್ತಿತ್ತು, ಹಲಗೆ ಕಂಡಿರಲಿಲ್ಲ. ಆ ಕಡೆ ಹೆಚ್ಚಿನ ಸಣ್ಣ ಊಟದಂಗಡಿಗಳಿಗೆ ವಾರಕ್ಕೊಂದು ರಜೆ ಇರುತ್ತದೆ. ಇಷ್ಟವಾದ ಅಂಗಡಿಗೆ ಮತ್ತೆ ಹೋಗುವುದಿದ್ದರೆ ಯಾವತ್ತು ರಜೆ ಅಂತ ಬಾಯಿಬಿಟ್ಟು ಕೇಳಿಕೊಂಡು ಬನ್ನಿ. ನನಗೆ ಅದು ಈಗಲೂ ಚುಚ್ಚುತ್ತದೆ.

ಅವ್ವ ಪೊಟ್ಟಣ ಕೈಯಲ್ಲಿ ಹಿಡಿದು ಬಾಗಿಲನ್ನೇ ನೋಡುತ್ತ ನಿಂತಳು. ಎರಡು ಅಂಗಡಿ ಆಚೆ ತರಕಾರಿ ಮಾರುವವನಿದ್ದ. ಅವಳೇ ಅವನ ಹತ್ತಿರ ಹೋದಳು. ಮುಚ್ಚಿದ ಬಾಗಿಲು ತೋರಿಸಿದಳು, ತಲೆಗೆ ಬಟ್ಟೆ ಕಟ್ಟುವಂತೆ ಕೈ ಮಾಡಿದಳು, ಪೊಟ್ಟಣ ಅವನ ಮುಂದೆ ಇಟ್ಟಳು. ನನ್ನ ಇಟಾಲಿಯನ್ ಬೇಕಾಗಲಿಲ್ಲ. ಅವನು ಕಿವಿಯ ಮೇಲಿದ್ದ ಪೆನ್ನು ತೆಗೆದು ಪೊಟ್ಟಣದ ಮೇಲೆ ದೊಡ್ಡದಾಗಿ 'ಇಂದಿಯಾ' ಅಂತ ಬರೆದ. ತಕ್ಕಡಿಯ ಪಕ್ಕದ ಗೂಡಿನಲ್ಲಿ, ಬಸಿಲಿಕೊ ಕುಂಡದ ಹಿಂದೆ ಇಟ್ಟ. ಅವ್ವ ಅದನ್ನು ಸ್ವಲ್ಪ ಒಳಕ್ಕೆ ಸರಿಸಿ, ನೀರು ತಾಗಬಾರದು ಅಂತ ಕೈಸನ್ನೆ ಮಾಡಿ, ಸೆರಗು ಸರಿ ಮಾಡಿಕೊಂಡು ಸ್ಟೇಶನ್ ಕಡೆ ನಡೆದಳು.