ಇಲ್ಲ ಸ್ವಾಮಿ, ನೀವು ಇನ್ನೂ ರಕ್ತ ಕೊಡಬೇಕು

ಪ್ರಶ್ನೆ ಇದು: "ನೀವು ಲ್ಯಾಬಲ್ಲಿ ರಕ್ತ ಮಾಡ್ತೀರಂತಲ್ಲ, ಹಾಗಾದ್ರೆ ಇನ್ಮೇಲೆ ಯಾರೂ ರಕ್ತ ಕೊಡೋದು ಬೇಡ್ವಾ?"

ಉತ್ತರ: ಬೇಕು.

ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಆರು ವರ್ಷದಿಂದ ಮದುವೆಮನೆಯಲ್ಲಿ, ಗೃಹಪ್ರವೇಶದಲ್ಲಿ, ಆಟೋದಲ್ಲಿ, ಒಮ್ಮೆ ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದುಕೊಂಡು ಮಲಗಿದ್ದಾಗಲೂ ಇದೇ ಪ್ರಶ್ನೆ. ಹೇಳಿ ಹೇಳಿ ಸಾಕಾಗಿದೆ. ಒಂದು ಸಲ ಬರೆದು ಇಟ್ಟುಬಿಡುತ್ತೇನೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸೋದು.

ಮೊದಲು ಆ "ಮಾಡ್ತೀರಂತಲ್ಲ" ಬಗ್ಗೆ. ಕಳ್ಳಬಟ್ಟಿ ಕಾಯಿಸುವವನನ್ನು ವಿಚಾರಿಸುವ ಧಾಟಿ ಅದು. ನಮ್ಮ ಸೋದರತ್ತೆಯಂತೂ "ದಿನಕ್ಕೆ ಎಷ್ಟು ಬಾಟ್ಲು ಆಗುತ್ತೆ?" ಎಂದೇ ಕೇಳಿದರು. ಅತ್ತೆ, ನಾನು ರಕ್ತ ಮಾಡಲ್ಲ. ರಕ್ತ ಅಂದರೆ ಪ್ಲಾಸ್ಮಾ, ಬಿಳಿ ಕಣ, ಪ್ಲೇಟ್‌ಲೆಟ್ ಎಲ್ಲ ಸೇರಿದ್ದು. ಮನೆಯಲ್ಲಿ ಒಬ್ಬರಿಗೆ ಡೆಂಗಿ ಬಂದಿದ್ದರೆ ಇದು ಗೊತ್ತಿರುತ್ತೆ. ನಾನು ನೋಡುವುದು ಕೆಂಪು ಕಣವನ್ನು ಮಾತ್ರ. ಅದು ಸ್ಟೆಮ್ ಸೆಲ್ಲಿನಿಂದ ಹೇಗೆ ಹುಟ್ಟುತ್ತೆ, ದಾರಿಯಲ್ಲಿ ಎಲ್ಲಿ ಎಡವುತ್ತೆ ಅಂತ ಕೂತು ನೋಡೋದು. ಸಂಬಳ ಅದಕ್ಕೆ.

ಸ್ಟೆಮ್ ಸೆಲ್ಲಿಗೆ ಕನ್ನಡದಲ್ಲಿ ಕಾಂಡಕೋಶ ಅಂತಾರೆ. ಹಾಗೆ ಹೇಳಿದ್ದಕ್ಕೆ ಒಬ್ಬರು, ಬಾಳೆದಿಂಡಿನ ಪಲ್ಯ ತಿಂದರೆ ರಕ್ತ ಜಾಸ್ತಿ ಆಗುತ್ತಾ ಅಂದರು. ಅವತ್ತಿಂದ ಆ ಪದ ಬಿಟ್ಟಿದ್ದೇನೆ.

ಮೂಳೆಯ ಒಳಗಿನ ಮಜ್ಜೆಯಲ್ಲಿ ಈ ಸ್ಟೆಮ್ ಸೆಲ್ಲುಗಳು ಇರುತ್ತವೆ. ಶುರುವಿನಲ್ಲಿ ರಕ್ತದ ಯಾವ ಕಣ ಬೇಕಾದರೂ ಆಗಬಹುದು. ಒಡೆದು ಎರಡಾಗುತ್ತಾ, ಮತ್ತೆ ಎರಡಾಗುತ್ತಾ ಹೋದ ಹಾಗೆ ಬೇರೆ ಬಾಗಿಲುಗಳು ಒಂದೊಂದೇ ಮುಚ್ಚಿಕೊಳ್ಳುತ್ತವೆ. ಕೊನೆಗೆ ಕೆಂಪು ಕಣ ಬಿಟ್ಟು ಬೇರೇನೂ ಆಗಲಾರದ ಹಂತಕ್ಕೆ ಬರುತ್ತವೆ. ಅಲ್ಲಿ ಅವು ಬದುಕಿ ಉಳಿಯಬೇಕಾದರೆ ಎರಿಥ್ರೊಪೊಯೆಟಿನ್ ಎಂಬ ಹಾರ್ಮೋನ್ ಬೇಕು. ಅದನ್ನು ಮಾಡುವುದು ಕಿಡ್ನಿ. ಆಕ್ಸಿಜನ್ ಕಡಿಮೆ ಅನ್ನಿಸಿದರೆ ಜಾಸ್ತಿ ಬಿಡುತ್ತೆ. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ರಕ್ತ ಏರಲಿ ಅಂತ ಕೊಡುವ ಇಂಜೆಕ್ಷನ್ ಇದೇ. ಷಿಕಾಗೋದ ಯೂಜೀನ್ ಗೋಲ್ಡ್‌ವಾಸರ್ ಇದರ ಬೆನ್ನು ಹತ್ತಿ ವರ್ಷಗಟ್ಟಲೆ ರಕ್ತ ಕಡಿಮೆಯಾದ ಕುರಿಗಳ ಪ್ಲಾಸ್ಮಾ ಸೋಸಿದರು. ಕೊನೆಗೆ ಜಪಾನಿನ ತಕಾಜಿ ಮಿಯಾಕೆ, ಮಜ್ಜೆ ಕೈಕೊಟ್ಟ ರೋಗಿಗಳ 2,550 ಲೀಟರ್ ಮೂತ್ರವನ್ನು ಕೂಡಿಸಿ ಒಣಗಿಸಿ ತಂದುಕೊಟ್ಟರು. 1977ರಲ್ಲಿ ಅದರಿಂದ ಶುದ್ಧ ಹಾರ್ಮೋನ್ ಸಿಕ್ಕಿತು, ಕೆಲವೇ ಮಿಲಿಗ್ರಾಂ. ಒಂದು ಗೃಹಪ್ರವೇಶದ ಪಂಕ್ತಿಯಲ್ಲಿ ಈ ಕಥೆ ಹೇಳಿದೆ. ಪಕ್ಕದ ಎಲೆಯವರು ಪಾಯಸ ಮುಟ್ಟಲಿಲ್ಲ.

ಈಗ ಲೆಕ್ಕಕ್ಕೆ ಬನ್ನಿ. ನಿಮ್ಮ ಮಜ್ಜೆ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ಕಣ ಹುಟ್ಟಿಸುತ್ತೆ. ಈ ಸಾಲು ಓದುವಷ್ಟರಲ್ಲಿ ಅರ್ಧ ಕೋಟಿ ದಾಟಿತು. ಒಂದು ಕಣದ ಆಯಸ್ಸು 120 ದಿನ, ಹಾಗಾಗಿ ಕೆಲಸ ನಿಲ್ಲಿಸುವ ಹಾಗೇ ಇಲ್ಲ. ರಕ್ತನಿಧಿಯ ಒಂದು ಚೀಲದಲ್ಲಿ ಸುಮಾರು 2 ಲಕ್ಷ ಕೋಟಿ ಕಣ ಇರುತ್ತವೆ.

ಲ್ಯಾಬಿನ ಕಡೆ? 2011ರಲ್ಲಿ ಪ್ಯಾರಿಸ್ಸಿನ ಲುಕ್ ಡುವೇ ತಂಡ ಒಬ್ಬ ವ್ಯಕ್ತಿಯ ಸ್ಟೆಮ್ ಸೆಲ್ ತೆಗೆದು, ಕೆಂಪು ಕಣ ಬೆಳೆಸಿ, ಅವನಿಗೇ ವಾಪಸ್ ಕೊಟ್ಟಿತು. 1,000 ಕೋಟಿ ಕಣ, ಅಂದರೆ ಸುಮಾರು ಎರಡು ಮಿಲಿಲೀಟರ್. 2022ರಲ್ಲಿ ಬ್ರಿಟನ್ನಿನ ಬ್ರಿಸ್ಟಲ್ ಮತ್ತು ಕೇಂಬ್ರಿಡ್ಜ್‌ನವರು ಒಬ್ಬರ ಸ್ಟೆಮ್ ಸೆಲ್ಲಿನಿಂದ ಬೆಳೆಸಿದ ಕಣವನ್ನು ಮೊದಲ ಸಲ ಇನ್ನೊಬ್ಬರಿಗೆ ಕೊಟ್ಟರು. ನಿಮ್ಮ ವಾಟ್ಸಾಪ್ ಗುಂಪಿಗೆ ಬಂದ ಸುದ್ದಿ ಅದೇ. 5 ಲಕ್ಷ ಸ್ಟೆಮ್ ಸೆಲ್ಲಿನಿಂದ ಶುರು ಮಾಡಿ, 24 ಲೀಟರ್ ಪೋಷಕ ದ್ರವ ಕುಡಿಸಿ, ಮೂರು ವಾರ ಸಾಕಿ, ಕೊನೆಗೆ ಕೊಡಲು ಯೋಗ್ಯವಾಗಿ ಸಿಕ್ಕಿದ್ದು 1,500 ಕೋಟಿ. ಒಂದೆರಡು ಟೀ ಚಮಚ. ನಿಮ್ಮ ಮಜ್ಜೆ ಅಷ್ಟನ್ನು ಎರಡು ಗಂಟೆಯಲ್ಲಿ ಮುಗಿಸುತ್ತೆ, ನೀವು ಸೀರಿಯಲ್ ನೋಡುತ್ತಾ ಕೂತಿರುವಾಗ. ಒಂದು ಚೀಲ ತುಂಬಿಸಬೇಕಾದರೆ ಮೂರು ವಾರದ ಅಂಥ ಸರದಿ ಸುಮಾರು ನೂರಮೂವತ್ತು ಸಲ ಆಗಬೇಕು. ಆಯಿತಾ ಅತ್ತೆ, ಬಾಟ್ಲು?

ಲೆಕ್ಕ ಗೊತ್ತಿಲ್ಲದೆ ಕೇಳಿದರೆ ನನಗೇನೂ ಬೇಜಾರಿಲ್ಲ. ಸಿಟ್ಟು ಬರೋದು ಬೇರೆ ಕಾರಣಕ್ಕೆ. ಅದನ್ನೂ ಹೇಳಿಬಿಡುತ್ತೇನೆ, ನನ್ನ ಮಾನ ಹೋದರೂ ಚಿಂತೆಯಿಲ್ಲ.

ಮೂರು ವರ್ಷದ ಹಿಂದೆ ನಮ್ಮ ಬಡಾವಣೆಯ ರಾಜ್ಯೋತ್ಸವದಲ್ಲಿ ರಕ್ತದಾನ ಶಿಬಿರ ಇಟ್ಟಿದ್ದರು. ಹಳದಿ ಕೆಂಪು ಶಾಲು ಹೊದ್ದ ಹುಡುಗರು ಮೈಕಿನಲ್ಲಿ ಕೂಗುತ್ತಿದ್ದರು: "ನಮ್ಮ ಏರಿಯಾದ ರಕ್ತ ವಿಜ್ಞಾನಿ ಮೇಡಂ ಮೊದಲು ಕೊಡ್ತಾರೆ!" ಮೇಡಂ ಹೋಗಿ ಕುರ್ಚಿಯಲ್ಲಿ ಕೂತರು. ನರ್ಸ್ ಬೆರಳಿಗೆ ಚುಚ್ಚಿದರು. ಮುಂದೆ ಒಂದು ಗ್ಲಾಸಿನಲ್ಲಿ ನೀಲಿ ನೀರು, ಮೈಲುತುತ್ತದ ದ್ರಾವಣ. ಅದರ ಸಾಂದ್ರತೆಯನ್ನು ಸರಿಯಾಗಿ ಹೊಂದಿಸಿಟ್ಟಿರುತ್ತಾರೆ. ಹಿಮೋಗ್ಲೋಬಿನ್ 12.5 ಇದ್ದರೆ ಹನಿ ಭಾರವಾಗಿ ಮುಳುಗಬೇಕು. ನನ್ನ ಹನಿ ಒಳಗೆ ಬಿತ್ತು, ಸ್ವಲ್ಪ ಇಳಿಯಿತು, ನಿಂತಿತು, ಆಮೇಲೆ ನಿಧಾನವಾಗಿ ಮೇಲೆ ಬಂದು ತೇಲಿತು. ನರ್ಸ್ ನನ್ನ ಮುಖ ನೋಡಿದರು. "ಇನ್ನೊಂದು ಸಲ ನೋಡೋಣ ಮೇಡಂ" ಅಂದರು, ಪಾಪ. ಅದೂ ತೇಲಿತು.

ಸಾಲಿನಲ್ಲಿ ಹಿಂದೆ ಇದ್ದವರು ನಾಲ್ಕನೇ ಕ್ರಾಸಿನ ನಿವೃತ್ತ ಮಾಸ್ತರರು. ಜೋರಾಗಿ ಹೇಳಿದರು: "ಏನಮ್ಮ, ನೀನೇ ಮಾಡ್ತೀಯ, ನಿನಗೇ ಇಲ್ವಾ?" ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಅವರು ಕೈಗಡಿಯಾರ ನೋಡಿಕೊಂಡು, "ಹೆಂಗೂ ಇನ್ನು ನಾಲ್ಕು ವರ್ಷಕ್ಕೆ ಇವರೇ ಲ್ಯಾಬಿಂದ ಕೊಡ್ತಾರೆ, ನಮ್ಮದು ಯಾಕೆ" ಅಂತ ಸಾಲಿನಿಂದ ಹೊರಟರು. ಅವರ ಹಿಂದೆ ಇನ್ನಿಬ್ಬರು.

ಇದು ನನ್ನ ತಕರಾರು. ಕೇಳುವವರಲ್ಲಿ ಅರ್ಧ ಜನಕ್ಕೆ ವಿಜ್ಞಾನ ಬೇಕಾಗಿಲ್ಲ, ಸೂಜಿ ತಪ್ಪಿಸಿಕೊಳ್ಳಲು ನೆಪ ಬೇಕು. ನನ್ನ ಕೆಲಸ ಅವರಿಗೆ ನೆಪವಾಯಿತು.

ಇನ್ನು ನನ್ನ ಹನಿ ಯಾಕೆ ತೇಲಿತು ಅಂತ ಕೇಳಿದ್ದರೆ ಸಂತೋಷವಾಗಿ ಹೇಳುತ್ತಿದ್ದೆ. ನನ್ನ ಸ್ಟೆಮ್ ಸೆಲ್ಲುಗಳಿಗೆ ಏನೂ ಆಗಿಲ್ಲ. ಒಂದೊಂದು ಕೆಂಪು ಕಣದಲ್ಲಿ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣು, ಒಂದೊಂದು ಅಣುವಿಗೆ ನಾಲ್ಕು ಕಬ್ಬಿಣದ ಪರಮಾಣು. ಊಟ ಆದ ತಕ್ಷಣ ಲೋಟ ಲೋಟ ಕಾಫಿ ಕುಡಿದು ಆ ಕಬ್ಬಿಣ ಒಳಗೆ ಹೋಗದ ಹಾಗೆ ಮಾಡಿಕೊಂಡಿದ್ದು ನಾನೇ. ಮಜ್ಜೆ ರೆಡಿ ಇತ್ತು, ಸಾಮಾನು ಬಂದಿರಲಿಲ್ಲ.

ಅದಕ್ಕಿಂತ ಚೆನ್ನಾದ ಪ್ರಶ್ನೆ ಇನ್ನೊಂದಿದೆ. ಆರು ವರ್ಷದಲ್ಲಿ ಯಾರೂ ಕೇಳಿಲ್ಲ. ಕಣ ತನ್ನ ನ್ಯೂಕ್ಲಿಯಸ್ಸನ್ನು, ಅಂದರೆ ಡಿಎನ್ಎ ಇಟ್ಟುಕೊಂಡ ಒಳಗಿನ ಗುಂಡನ್ನು, ಏನು ಮಾಡುತ್ತೆ?

ಲ್ಯಾಬಲ್ಲಿ ಮೊದಲ ವಾರ ಏನೂ ಕಾಣಲ್ಲ. ಕಣಗಳನ್ನು ಟ್ಯೂಬಿಗೆ ಹಾಕಿ ಗರಗರ ತಿರುಗಿಸಿದರೆ ತಳದಲ್ಲಿ ಅಕ್ಕಿಹಿಟ್ಟಿನ ಚುಕ್ಕೆಯ ಹಾಗೆ ಬೆಳ್ಳಗೆ ಕೂರುತ್ತವೆ. ಹತ್ತು ಹನ್ನೊಂದನೇ ದಿನದ ಹೊತ್ತಿಗೆ ಆ ಚುಕ್ಕೆಗೆ ತೆಳು ಗುಲಾಬಿ ಬಣ್ಣ ಬರುತ್ತೆ. ಮೊದಲ ಸಲ ನೋಡಿದಾಗ ನಾನು ಬೆಳಕು ಸರಿ ಇಲ್ಲ ಅಂದುಕೊಂಡಿದ್ದೆ. ಇನ್ನೂ ನಾಲ್ಕೈದು ದಿನ ಕಳೆದರೆ ಅಪ್ಪಟ ಕುಂಕುಮ. ಹಿಮೋಗ್ಲೋಬಿನ್ ತುಂಬಿಕೊಂಡಿರುತ್ತೆ. ಬಣ್ಣ ಬಂತು, ಕೆಲಸ ಮುಗಿಯಿತು ಅಂತ ಕುಣಿಯುವ ಹಾಗಿಲ್ಲ. ಅಸಲಿ ಕಷ್ಟ ಇರೋದು ಇಲ್ಲಿಂದ ಮುಂದೆ.

ಹಿತಕಿದ ಅವರೆ ಮಾಡಿದ್ದೀರಲ್ವಾ? ನೆನೆದ ಕಾಳನ್ನು ಎರಡು ಬೆರಳಲ್ಲಿ ಹಿತುಕಿದರೆ ಬೇಳೆ ಪುಸಕ್ಕಂತ ಹಾರುತ್ತೆ, ಸಿಪ್ಪೆ ಕೈಯಲ್ಲಿ ಉಳಿಯುತ್ತೆ. ಕಣ ಮಾಡುವುದೂ ಅದೇ. ನ್ಯೂಕ್ಲಿಯಸ್ ಮುದುಡಿ ಗಟ್ಟಿಯಾಗಿ ಒಂದು ಅಂಚಿಗೆ ಸರಿಯುತ್ತೆ. ಕಣ ತನ್ನನ್ನು ತಾನೇ ಹಿತುಕಿಕೊಂಡು ಅದನ್ನು ಹೊರಗೆ ದಬ್ಬುತ್ತೆ. ಒಂದೇ ವ್ಯತ್ಯಾಸ, ಇಲ್ಲಿ ಬೇಳೆ ಬಿಸಾಡಿ ಸಿಪ್ಪೆ ಇಟ್ಟುಕೊಳ್ಳೋದು. ಹಿಮೋಗ್ಲೋಬಿನ್ ತುಂಬಿದ ಆ ಸಿಪ್ಪೆಯೇ ಸಂದುಗೊಂದಿನ ರಕ್ತನಾಳಗಳಲ್ಲಿ ಮೈ ಬಗ್ಗಿಸಿ ನುಗ್ಗುವ ಕೆಂಪು ಕಣ. ಕೋಳಿ, ಮೀನು, ಕಪ್ಪೆ ಯಾವುದೂ ಹೀಗೆ ಮಾಡಲ್ಲ. ಬಿಎಸ್ಸಿ ಜುವಾಲಜಿ ಓದಿದವರು ಕಪ್ಪೆಯ ರಕ್ತದ ಸ್ಲೈಡಿನಲ್ಲಿ ನ್ಯೂಕ್ಲಿಯಸ್ ನೋಡಿರುತ್ತೀರಿ. ಕಣ ಪಕ್ವವಾಗುವಾಗ ನ್ಯೂಕ್ಲಿಯಸ್ಸನ್ನೇ ಹೊರಹಾಕುವ ಹುಚ್ಚು ನಾವು ಸಸ್ತನಿಗಳದ್ದು.

ಬಿಸಾಡಿದ್ದು ಎಲ್ಲಿಗೆ ಹೋಗುತ್ತೆ? ಮಜ್ಜೆಯಲ್ಲಿ ಒಂದು ದೊಡ್ಡ ಮ್ಯಾಕ್ರೋಫೇಜ್, ಅಂದರೆ ಕಸ ನುಂಗುವ ಕಣ, ನಡುವೆ ಕೂತಿರುತ್ತೆ, ಎಳೆ ಕಣಗಳು ಸುತ್ತ ಅಂಟಿಕೊಂಡಿರುತ್ತವೆ. ಫ್ರಾನ್ಸಿನ ಮಾರ್ಸೆಲ್ ಬೆಸ್ಸಿಸ್ 1958ರಲ್ಲಿ ಇದನ್ನು ನೋಡಿ ದ್ವೀಪ ಅಂತ ಹೆಸರಿಟ್ಟರು. ಹಾರಿದ ನ್ಯೂಕ್ಲಿಯಸ್ಸನ್ನು ಆ ಮ್ಯಾಕ್ರೋಫೇಜ್ ನುಂಗಿ ಹಾಕುತ್ತೆ. ನಮ್ಮ ಫ್ಲಾಸ್ಕಿನಲ್ಲಿ ಹಾಗೆ ನುಂಗುವವರು ಯಾರೂ ಇಲ್ಲ. ಒಂದಿಷ್ಟು ಕಣ ಹಿತುಕಿಕೊಳ್ಳುತ್ತವೆ, ಒಂದಿಷ್ಟು ಅರ್ಧಕ್ಕೆ ನಿಲ್ಲುತ್ತವೆ, ಒಂದಿಷ್ಟಕ್ಕೆ ಮನಸ್ಸೇ ಇಲ್ಲ. ಅಲ್ಲಿ ಇಲ್ಲಿ ತೇಲುವ ನ್ಯೂಕ್ಲಿಯಸ್ಸುಗಳನ್ನು ಸೋಸಬೇಕು. ಬ್ರಿಸ್ಟಲ್‌ನವರಿಗೂ ಬೆಳೆದಿದ್ದು 5,000 ಕೋಟಿ, ಕೊಡಲು ಸಿಕ್ಕಿದ್ದು 1,500 ಕೋಟಿ ಅಂದರೆ ನೋಡಿ.

ಹಾಗಾದರೆ ಇಷ್ಟೆಲ್ಲ ಯಾರಿಗೆ? ನಿಮಗಲ್ಲ. ಮೊದಲ ಸರದಿ ಸಾಮಾನ್ಯ ರಕ್ತ ಹೊಂದದವರದ್ದು. 1952ರಲ್ಲಿ ಡಾ. ಭೇಂಡೆ ಮತ್ತವರ ಜೊತೆಯವರು ಮುಂಬಯಿಯಲ್ಲಿ ಕಂಡ ಬಾಂಬೆ ಗುಂಪಿನವರಿಗೆ 'ಓ' ರಕ್ತವೂ ಆಗಲ್ಲ, ಅದೇ ಗುಂಪಿನವರು ಸಿಗಬೇಕು. ಕೋಲಾರ ಕಡೆಯ ಒಬ್ಬ ಮಹಿಳೆಗೆ ಹೃದಯದ ಆಪರೇಷನ್ ಆಗಬೇಕಿತ್ತು. ಯಾವ ರಕ್ತವೂ ಹೊಂದಲಿಲ್ಲ, ಮನೆಯವರದ್ದೂ ಸೇರಿ. ಸ್ಯಾಂಪಲ್ ಬ್ರಿಸ್ಟಲ್ಲಿಗೇ ಹೋಯಿತು. ಅದುವರೆಗೆ ಜಗತ್ತಿನಲ್ಲಿ ಯಾರೂ ಗುರುತಿಸದಿದ್ದ ಹೊಸ ಆಂಟಿಜೆನ್ (ರಕ್ತದ ಗುಂಪು ಹೇಳುವ, ಕಣದ ಮೈಮೇಲಿನ ಗುರುತು) ಇದರ ಹಿಂದಿದೆ ಅಂತ 2025ರಲ್ಲಿ ಪ್ರಕಟಿಸಿದರು. ಅದರ ಹೆಸರಿನಲ್ಲಿ ಇಂಡಿಯಾ, ಬೆಂಗಳೂರು ಎರಡೂ ಸೇರಿವೆ: ಕ್ರಿಬ್ (CRIB). ಆಪರೇಷನ್ ರಕ್ತ ಏರಿಸದೆಯೇ ಆಯಿತು. ಅಂಥವರ ಪಾಲಿಗೆ ಎರಡು ಚಮಚ ಅಂದರೂ ಅದಕ್ಕೊಂದು ಅರ್ಥ ಇದೆ. ತಿಂಗಳಿಗೊಂದೆರಡು ಸಲ ರಕ್ತ ಏರಿಸಿಕೊಳ್ಳುವ ಥಲಸ್ಸೀಮಿಯಾ ಮಕ್ಕಳಿಗೂ ಅಷ್ಟೇ. ದಾನಿಯ ಚೀಲದಲ್ಲಿ ಎಳೆಯವು, ಮುದಿಯವು ಎಲ್ಲ ಬೆರೆತಿರುತ್ತವೆ. ಲ್ಯಾಬಿನವು ಎಲ್ಲವೂ ಎಳೆಯವು, ಜಾಸ್ತಿ ದಿನ ಬಾಳಿದರೆ ಮಕ್ಕಳು ಆಸ್ಪತ್ರೆಗೆ ಬರುವುದು ಕಡಿಮೆಯಾಗಬಹುದು. ನಮ್ಮ ಆಸೆ ಅದು. ಅಲ್ಲಿಯವರೆಗೆ ಆ ಮಕ್ಕಳಿಗೆ ಹೋಗೋದು ನಿಮ್ಮದೇ.

ಹೋದ ನವೆಂಬರಿನಲ್ಲಿ ಮತ್ತೆ ಶಿಬಿರ. ಆರು ತಿಂಗಳು ಕಬ್ಬಿಣದ ಮಾತ್ರೆ ನುಂಗಿ, ಊಟದ ಮೇಲಿನ ಕಾಫಿ ಬಿಟ್ಟು, ಹೋಗಿ ಕೂತೆ. ಮೈಕಿನವರಿಗೆ ಹೆಸರು ಹೇಳಬೇಡಿ ಅಂತ ಮೊದಲೇ ಕೈಮುಗಿದಿದ್ದೆ. ಹನಿ ನೀಲಿ ನೀರಿಗೆ ಬಿತ್ತು. ಒಂದು ಕ್ಷಣ ನಿಂತ ಹಾಗಾಯಿತು. ಆಮೇಲೆ ಸೀದಾ ತಳಕ್ಕೆ.

ಕೊಟ್ಟು ಎದ್ದು ಆಚೆ ಬಂದರೆ ಶಾಮಿಯಾನದ ಕೆಳಗೆ ಮಾಸ್ತರರು ಕೂತಿದ್ದರು. ದಾನಿಗಳಿಗೆ ಇಟ್ಟಿದ್ದ ಜ್ಯೂಸು, ಬಿಸ್ಕೆಟ್ಟು ಕೈಯಲ್ಲಿ. "ನನಗೆ ಅರವತ್ತೈದು ದಾಟಿತಮ್ಮ, ಇನ್ನು ತಗೊಳಲ್ವಂತೆ" ಅಂದರು. ಸ್ಟ್ರಾ ಬಾಯಿಗಿಟ್ಟು ಒಂದು ಗುಟುಕು ಎಳೆದು ಕೇಳಿದರು: "ನಿಮ್ಮದು ಇನ್ನೂ ಬಂದಿಲ್ವಾ?"