ಬೆಳಗಿನ ನಾಲಾ, ಸಂಜೆಯ ಭಾಗಾ

ಹಿಮಾಚಲದ ಬಾರಾಲಾಚಾ ಘಾಟಿಯ ಕಡೆ ಗಾಡಿ ಓಡಿಸುವ ಯಾವ ಡ್ರೈವರನ್ನು ಬೇಕಾದರೂ ಕೇಳಿ. ನಾಲಾ, ಅಂದರೆ ರಸ್ತೆಗೆ ಅಡ್ಡ ಹರಿಯುವ ಹಳ್ಳ, ದಾಟುವುದಿದ್ದರೆ ಬೆಳಗ್ಗೆಯೇ ದಾಟಿಬಿಡಿ ಎನ್ನುತ್ತಾನೆ. ಬೆಳಗಿನ ಜಾವ ಅರ್ಧ ಟೈರನ್ನೂ ಮುಳುಗಿಸದ ನೀರು ಮಧ್ಯಾಹ್ನದ ಮೇಲೆ ಸಣ್ಣ ಕಾರನ್ನು ಪಕ್ಕಕ್ಕೆ ತಳ್ಳುತ್ತದೆ. ಅದಕ್ಕೆ ಮಳೆಯೇ ಬೇಕಾಗಿಲ್ಲ, ಒಳ್ಳೆ ಬಿಸಿಲು ಸಾಕು. ಮೇಲೆ ಹಿಮ ಕರಗುತ್ತದೆ, ಕೆಳಗೆ ನೀರು ಏರುತ್ತದೆ. ಟೂರ್ ಕಂಪನಿಯಲ್ಲಿ ಟ್ರಿಪ್ ಲೀಡ್ ಆಗಿ ಸೇರಿದ ಹೊಸದರಲ್ಲೇ ನಾನು ಕಲಿತ ಪಾಠ ಇದು. ಇವತ್ತಿಗೂ ನಾಲಾ ದಾಟುವ ದಿನ ನನ್ನ ಬ್ಯಾಚ್‌ಗಳು ಕತ್ತಲಿರುವಾಗಲೇ ಕ್ಯಾಂಪ್ ಬಿಡುತ್ತವೆ.

ಅದೇ ಪಾಠ ಕ್ಯಾಂಪಿನ ಮುಂದೆ ಹರಿಯುವ ನದಿಗೂ ಸಲ್ಲುತ್ತದೆ ಅಂತ ಜೂನ್ ತಿಂಗಳ ಒಂದು ಶನಿವಾರದವರೆಗೆ ನನಗೆ ಹೊಳೆದಿರಲಿಲ್ಲ. ಆ ಸಂಜೆ ಈಗಲೂ ಚುಚ್ಚುತ್ತದೆ.

ಕ್ಯಾಂಪ್ ಇದ್ದದ್ದು ಲಾಹೌಲ್‌ನ ಜಿಸ್ಪಾದಲ್ಲಿ. ಕೇಲಾಂಗ್ ದಾಟಿ ದಾರ್ಚಾ ಕಡೆ ಹೋಗುವಾಗ ಸಿಗುವ ಊರು. ಎತ್ತರ ಸುಮಾರು 3,200 ಮೀಟರ್. ಟೆಂಟುಗಳ ಎದುರಿಗೇ ಭಾಗಾ ನದಿ. ಬಾರಾಲಾಚಾ ಘಾಟಿಯ ಹತ್ತಿರ ಸೂರಜ್ ತಾಲ್‌ನಲ್ಲಿ ಹುಟ್ಟಿ, ಕೆಳಗೆ ತಾಂಡಿಯಲ್ಲಿ ಚಂದ್ರಾ ನದಿಯನ್ನು ಕೂಡಿಕೊಳ್ಳುತ್ತದೆ. ಆಮೇಲೆ ಅದೇ ಚೆನಾಬ್. ಜಿಸ್ಪಾದಲ್ಲಿ ಕಣಿವೆ ಸ್ವಲ್ಪ ಅಗಲ. ಹಾಗಾಗಿ ನದಿ ಕವಲೊಡೆದು, ನಡುವೆ ಉರುಟು ಕಲ್ಲಿನ ದಿಬ್ಬಗಳನ್ನು ಬಿಟ್ಟುಕೊಂಡು ಹರಿಯುತ್ತದೆ. ಫೋಟೋಗೆ ತುಂಬಾ ಚೆನ್ನಾಗಿರುತ್ತದೆ. ನಮ್ಮ ಬ್ರೋಷರ್‌ನ ಮೊದಲ ಪುಟದಲ್ಲಿ ಇರುವುದೂ ಅಂಥದ್ದೇ ಒಂದು ದಿಬ್ಬ.

ಆ ಬ್ಯಾಚ್ ಒಂದು ಸ್ನೇಹಿತರ ಗುಂಪು. ಎಂಟು ಜನ, ಎರಡು ಸೆಲ್ಫ್ ಡ್ರೈವ್ ಗಾಡಿ. ಮುಂದೆ ಲೀಡ್ ಗಾಡಿಯಲ್ಲಿ ನಾನು. ಸ್ನೇಹಿತರ ಗುಂಪು ಅಂದರೆ ನನಗೆ ಖುಷಿ, ಜೊತೆಗೆ ಭಯ. ಫ್ಯಾಮಿಲಿ ಬ್ಯಾಚ್‌ನಲ್ಲಿ ಬೇಡ ಎನ್ನಲು ಯಾರಾದರೂ ಒಬ್ಬರು ಇರುತ್ತಾರೆ. ಸ್ನೇಹಿತರಲ್ಲಿ ಒಬ್ಬ ನೀರಿಗೆ ಕಾಲಿಟ್ಟರೆ ಉಳಿದವರು ಚಪ್ಪಲಿ ಬಿಡಲು ಶುರು ಮಾಡುತ್ತಾರೆ. ಒಳಗೊಳಗೇ ಹೆದರಿದವನೂ ಬಾಯಿ ಬಿಡುವುದಿಲ್ಲ.

ಮನಾಲಿಯಿಂದ ಏಳಕ್ಕೆ ಹೊರಡಬೇಕಿತ್ತು. ಹೊರಟಾಗ ಹತ್ತು ದಾಟಿತ್ತು. ಅಟಲ್ ಸುರಂಗದ ದಕ್ಷಿಣದ ಬಾಯಿಯಲ್ಲಿ ವೀಕೆಂಡ್ ಜಾಮ್. 2020ರಲ್ಲಿ ಆ ಒಂಬತ್ತು ಕಿಲೋಮೀಟರ್ ಸುರಂಗ ತೆರೆದ ಮೇಲೆ ರೋಹ್ತಾಂಗ್ ಘಾಟಿ ಹತ್ತಿ ಇಳಿಯುವ ಕಷ್ಟ ತಪ್ಪಿತು, ನಿಜ. ಆದರೆ ನಮ್ಮ ಆಫೀಸಿನವರು ಮ್ಯಾಪ್ ನೋಡಿ, ನೂರು ಕಿಲೋಮೀಟರ್ ಕೂಡ ಇಲ್ಲವಲ್ಲ ಅಂತ ಐಟಿನರರಿ ಬರೆಯಲು ಶುರು ಮಾಡಿದರು. ಊಟಕ್ಕೆ ಜಿಸ್ಪಾ, ಮಧ್ಯಾಹ್ನ ವಿಶ್ರಾಂತಿ, ಸಂಜೆ ಐದಕ್ಕೆ ರಿವರ್ ಟೈಮ್. ಜಾಮ್‌ಗೆ ಆ ಹಾಳೆಯಲ್ಲಿ ಒಂದು ನಿಮಿಷವೂ ಇಲ್ಲ.

ಕ್ಯಾಂಪ್ ತಲುಪಿದಾಗ ನಾಲ್ಕು ಗಂಟೆ. ತಡವಾದ ದಿನ ಮೊದಲು ಹಾರಿಹೋಗುವುದು ಬ್ರೀಫಿಂಗ್. ಟೆಂಟ್ ಅಲಾಟ್ ಮಾಡಬೇಕು, ಆಫೀಸಿನ ಓಪ್ಸ್ ವಿಭಾಗದಿಂದ ಮೂರು ಮಿಸ್ಡ್ ಕಾಲ್, ಅಪಾಯಕ್ಕೆ ತಾವೇ ಹೊಣೆ ಎಂದು ಅತಿಥಿಗಳು ಬರೆದುಕೊಡುವ ವೇವರ್ ಫಾರ್ಮ್‌ಗೆ ಸಹಿ ಬಾಕಿ. ಗುಂಪಿನ ಒಬ್ಬ ಹುಡುಗಿಗೆ ತಲೆನೋವು, ವಾಕರಿಕೆ. ಮನಾಲಿಯಿಂದ ಒಂದೇ ಏಟಿಗೆ ಸಾವಿರ ಮೀಟರ್‌ಗಿಂತ ಜಾಸ್ತಿ ಮೇಲೆ ಬಂದಿದ್ದೇವೆ, ಹಾಗಾಗಿ ನಾನು ಆಕ್ಸಿಮೀಟರ್ ಹಿಡಿದು ಅವಳ ಪಕ್ಕದಲ್ಲಿದ್ದೆ. ಆಗ ಉಳಿದವರು ಬಂದು ಕೇಳಿದರು. ಆ ದಿಬ್ಬಕ್ಕೆ ಹೋಗಬಹುದಾ?

ನಾನು ಸುಮ್ನೆ ಹೂಂ ಎನ್ನಲಿಲ್ಲ. ಎದ್ದು ಹೋಗಿ ನೋಡಿದೆ. ದಡಕ್ಕೂ ದಿಬ್ಬಕ್ಕೂ ನಡುವಿನ ಕವಲಿನಲ್ಲಿ ಪಾದ ಮುಳುಗುವಷ್ಟು ನೀರು, ತಳದ ಕಲ್ಲು ಕಾಣುತ್ತಿತ್ತು. ಆಕಾಶದಲ್ಲಿ ಒಂದು ಮೋಡವಿಲ್ಲ. ದಾರ್ಚಾ ಕಡೆಯಿಂದ ಇಳಿದು ಬಂದ ಡ್ರೈವರನ್ನು ಕೇಳಿದೆ, ಮೇಲೆ ಮಳೆ ಇಲ್ಲ ಎಂದ. ಮೇಲ್ಗಡೆ ಗೇಟ್ ತೆರೆದು ನೀರು ಬಿಡುವ ಡ್ಯಾಮ್ ಕೂಡ ಇಲ್ಲ. ಡ್ಯಾಮ್ ಇರುವ ನದಿಯಲ್ಲಿ ನಾವು ಯಾರನ್ನೂ ಕಲ್ಲಿನ ಮೇಲೆ ಇಳಿಸುವುದೇ ಇಲ್ಲ. 2014ರ ಜೂನ್ 8ರಂದು ಮಂಡಿ ಜಿಲ್ಲೆಯಲ್ಲಿ ಲಾರ್ಜಿ ಡ್ಯಾಮಿನಿಂದ ಬಿಟ್ಟ ನೀರಿಗೆ ಬಿಯಾಸ್ ನದಿಯಲ್ಲಿ 24 ವಿದ್ಯಾರ್ಥಿಗಳು ಕೊಚ್ಚಿಹೋದದ್ದನ್ನು ಈ ಕಸುಬಿನವರು ಯಾರೂ ಮರೆಯುವುದಿಲ್ಲ. ಇಲ್ಲಿ ಅದೂ ಇಲ್ಲ, ಮಳೆಯೂ ಇಲ್ಲ. ಕತ್ತಲಾಗುವ ಮುಂಚೆ ವಾಪಸ್ ಬನ್ನಿ ಎಂದೆ.

ನನ್ನ ಲೆಕ್ಕದಲ್ಲಿ ಬಿಸಿಲು ಇರಲೇ ಇಲ್ಲ. ಆ ದಿನ ಬೆಳಗ್ಗೆಯಿಂದ ಚರ್ಮ ಸುಡುವ ಬಿಸಿಲು. ಮೇಲಿನ ಹಿಮ ಹೆಚ್ಚು ಕರಗುವುದು ಮಧ್ಯಾಹ್ನ. ಪಕ್ಕದ ನಾಲಾಕ್ಕೆ ಆ ನೀರು ಬೇಗ ಬರುತ್ತದೆ. ದೂರದ ಗುಡ್ಡಗಳಲ್ಲಿ ಕರಗಿದ್ದು ಇಳಿದು, ಕೂಡಿಕೊಂಡು, ನಮ್ಮ ಕ್ಯಾಂಪ್ ಮುಟ್ಟುವ ಹೊತ್ತಿಗೆ ಸಂಜೆ. ನಾಲ್ಕು ಗಂಟೆಗೆ ನಾನು ನೋಡಿದ್ದು ಏರಲು ಇನ್ನೂ ಶುರುವಾಗದ ನದಿಯನ್ನು.

ಆರೂವರೆಗೆ ಅಡುಗೆ ಟೆಂಟಿನ ಹುಡುಗ ಓಡಿಬಂದ. ದಡಕ್ಕೆ ಹೋದಾಗ ಮೊದಲು ಗೊತ್ತಾದದ್ದು ಬಣ್ಣ. ತಿಳಿಯಾಗಿದ್ದ ನೀರು ಸಿಮೆಂಟ್ ಕಲಸಿದ ಹಾಗೆ ಬೂದು ಬಣ್ಣಕ್ಕೆ ತಿರುಗಿತ್ತು. ಆಮೇಲೆ ಸದ್ದು. ತಳದಲ್ಲಿ ಕಲ್ಲುಗಳು ಉರುಳುವ ಗುಡುಗುಡು ಕಾಲಿಗೇ ತಿಳಿಯುತ್ತಿತ್ತು. ದಿಬ್ಬದ ಮೇಲೆ ನಾಲ್ವರು ಉಳಿದಿದ್ದರು. ಮಡಚುವ ಕುರ್ಚಿ ಹಾಕಿಕೊಂಡು, ಸ್ಪೀಕರ್ ಇಟ್ಟುಕೊಂಡು, ನಮ್ಮ ಕಡೆ ಬೆನ್ನು ಹಾಕಿ ಕೂತಿದ್ದರು. ಕವಲು ತೊಡೆಮಟ್ಟಕ್ಕೆ ಬಂದಿತ್ತು.

ಕೂಗಿದರೆ ಕೇಳುವುದಿಲ್ಲ. ಸೀಟಿ ಊದಿದೆ. ಒಬ್ಬ ತಿರುಗಿದ, ಎದ್ದ, ನೀರು ನೋಡಿದ. ಮರುಕ್ಷಣವೇ ಶೂ ಬಿಚ್ಚಿ, ಲೇಸ್ ಗಂಟು ಹಾಕಿ, ಕೊರಳಿಗೆ ನೇತುಹಾಕಿಕೊಂಡು ನೀರಿಗಿಳಿದ. ಬರಿಗಾಲು! ಎರಡು ಹೆಜ್ಜೆಗೆ ಅವನ ಮೊಣಕಾಲು ಮಡಚಿತು. ಹಿಂದಿದ್ದವನು ಜಾಕೆಟ್ ಹಿಡಿದು ಎಳೆಯದಿದ್ದರೆ ಏನಾಗುತ್ತಿತ್ತೋ. ಆ ಎರಡು ಹೆಜ್ಜೆ ಇವತ್ತಿಗೂ ನನ್ನ ಕಣ್ಣಿಗೆ ಬರುತ್ತವೆ. ಎರಡೂ ಕೈ ಎತ್ತಿ ನಿಲ್ಲಿ, ನಿಲ್ಲಿ ಎಂದು ಸನ್ನೆ ಮಾಡಿದೆ. ನಾಲ್ವರೂ ನಿಂತರು.

ಈಗ ಎರಡೇ ದಾರಿ. ಅಲ್ಲೇ ಇರಿಸಿ ನೀರು ಇಳಿಯುವವರೆಗೆ ಕಾಯುವುದು, ಇಲ್ಲವೇ ಈಗಲೇ ಕರೆತರುವುದು. ಕಾಯೋಣ ಎಂದೇ ನನ್ನ ಮನಸ್ಸು ಹೇಳುತ್ತಿತ್ತು. ದಿಬ್ಬ ಇನ್ನೂ ನೀರಿನ ಮೇಲೆ ಚೆನ್ನಾಗಿಯೇ ಇತ್ತಲ್ಲ. ನನ್ನ ಪಕ್ಕದಲ್ಲಿ ಕ್ಯಾಂಪಿನ ಹಿರಿಯ ಸಹಾಯಕ ನಿಂತಿದ್ದ, ಅಲ್ಲಿಯದೇ ಮನುಷ್ಯ. ಅವನು ಏನೂ ಹೇಳದೆ ಬಗ್ಗಿ, ನೀರಿನ ಅಂಚಿಗೆ ಸರಿಯಾಗಿ ಒಂದು ಚಪ್ಪಟೆ ಕಲ್ಲನ್ನು ನೆಟ್ಟಗೆ ನಿಲ್ಲಿಸಿದ. ನಾನು ಥ್ರೋ ಬ್ಯಾಗ್ (ನೀರಿಗೆ ಬಿದ್ದವರತ್ತ ಎಸೆಯುವ ಹಗ್ಗದ ಚೀಲ) ತರಿಸಿ, ಹೆಡ್ ಕೌಂಟ್ ಮುಗಿಸಿ ಬರುವಷ್ಟರಲ್ಲಿ ಕಲ್ಲಿನ ಬುಡ ನಾಲ್ಕು ಬೆರಳು ಮುಳುಗಿತ್ತು. ಹತ್ತು ನಿಮಿಷವೂ ಆಗಿರಲಿಲ್ಲ. ಇನ್ನೂ ಏರುತ್ತದೆ, ಕತ್ತಲಾದ ಮೇಲೂ ಏರುತ್ತದೆ ಎಂದ ಅವನು. ಕಾಯುವ ಮಾತು ಅಲ್ಲಿಗೇ ಮುಗಿಯಿತು.

ಕ್ಯಾಂಪಿನ ಎದುರಿನ ಜಾಗದಲ್ಲಿ ಕವಲು ಕಿರಿದು. ಅಲ್ಲಿ ಹತ್ತಿರ ಅನ್ನಿಸುತ್ತದೆ, ದಾಟಬಾರದು. ಕಿರಿದಾದ ಕಡೆ ನೀರು ಆಳ, ಓಟ ಜಾಸ್ತಿ. ನೀರಿನ ವೇಗ ಎರಡರಷ್ಟಾದರೆ ಕಾಲಿನ ಮೇಲೆ ಬೀಳುವ ಒತ್ತಡ ನಾಲ್ಕರಷ್ಟು. ದಿಬ್ಬದ ಮೇಲ್ತುದಿಯಲ್ಲಿ, ನದಿ ಒಡೆಯುವ ಕಡೆ, ಕವಲು ಅಗಲವಾಗಿ ಹರಡಿಕೊಂಡು ಮೊಣಕಾಲಿಗಿಂತ ಸ್ವಲ್ಪ ಮೇಲಿತ್ತು. ನಾನು, ಸಹಾಯಕ ಇಬ್ಬರೂ ಕೋಲು ಊರಿಕೊಂಡು ಅಲ್ಲಿಂದ ದಾಟಿದೆವು. ಕೆಳಗಡೆ ಇನ್ನಿಬ್ಬರು ಹುಡುಗರು ಥ್ರೋ ಬ್ಯಾಗ್ ಹಿಡಿದು ನಿಂತರು. ಹಗ್ಗವನ್ನು ಯಾರ ಸೊಂಟಕ್ಕೂ ಕಟ್ಟಲಿಲ್ಲ. ಬಿದ್ದವನನ್ನು ಅದೇ ಹಗ್ಗ ನೀರಿನಡಿ ಹಿಡಿದಿಡುತ್ತದೆ.

ದಿಬ್ಬದ ಮೇಲೆ ನಾನು ಹೇಳಿದ್ದು ಇಷ್ಟು. ಶೂ ಹಾಕಿ, ಲೇಸ್ ಬಿಗಿಯಿರಿ. ಕುರ್ಚಿ, ಸ್ಪೀಕರ್ ಇಲ್ಲೇ ಇರಲಿ. ಫೋನ್ ಜೇಬಿಗೆ. ಬ್ಯಾಗಿನ ಸೊಂಟದ ಬಕಲ್ ಬಿಚ್ಚಿ. ನನ್ನ ಹಿಂದೆ ಒತ್ತಾಗಿ ನಿಂತು ಮುಂದಿನವರ ಭುಜ ಹಿಡಿಯಿರಿ. ನಾನು ಹೆಜ್ಜೆ ಎಂದಾಗ ಮಾತ್ರ ಹೆಜ್ಜೆ. ಹರಿವಿಗೆ ಮುಖ ಮಾಡಿ, ಸ್ವಲ್ಪ ಸ್ವಲ್ಪವೇ ಕೆಳಗೆ ಓರೆಯಾಗಿ ಸರಿದೆವು. ನಡುವೆ ಒಂದು ಕಲ್ಲು ಉರುಳಿ ನನ್ನ ಕಣಕಾಲಿಗೆ ಬಡಿಯಿತು. ಎಲ್ಲರೂ ನಿಂತೆವು. ಮತ್ತೆ ಹೆಜ್ಜೆ. ಕ್ಯಾಂಪ್ ಕಡೆಯ ದಡ ಮುಟ್ಟಲು ಐದಾರು ನಿಮಿಷ ಹಿಡಿದಿರಬಹುದು. ನಡುವಿನಲ್ಲಿ ಯಾರೂ ಒಂದು ಮಾತಾಡಲಿಲ್ಲ. ದಡದಲ್ಲಿ ಒದ್ದೆ ಬಟ್ಟೆ ಬಿಚ್ಚಿಸಿ ಸ್ಲೀಪಿಂಗ್ ಬ್ಯಾಗ್ ಒಳಗೆ ಕೂರಿಸುವಾಗ ಒಬ್ಬ ಅಳಲು ಶುರು ಮಾಡಿದ, ಶೂ ಕೊರಳಿಗೆ ಹಾಕಿಕೊಂಡಿದ್ದವನೇ.

ಒಂಬತ್ತರ ಸುಮಾರಿಗೆ ಟಾರ್ಚ್ ಹಾಕಿ ನೋಡಿದೆವು. ಕುರ್ಚಿಗಳು ಇರಲಿಲ್ಲ. ಬೆಳಗ್ಗೆ ಐದಕ್ಕೆ ಕವಲಿನಲ್ಲಿ ಮತ್ತೆ ಪಾದ ಮುಳುಗುವಷ್ಟೇ ನೀರು.

ಇದಾದ ಮೇಲೆ ಆಫೀಸಿನಿಂದ ಬಂದ ಇನ್ಸಿಡೆಂಟ್ ರಿಪೋರ್ಟ್‌ನ ಡ್ರಾಫ್ಟ್ ಓದಿ ನನಗೆ ಮೈ ಉರಿಯಿತು. ಅತಿಥಿಗಳು ಸೂಚನೆ ಮೀರಿದರು ಎಂದು ಬರೆದಿದ್ದರು. ಅವರು ಏನೂ ಮೀರಿರಲಿಲ್ಲ. ಕತ್ತಲಾಗುವ ಮುಂಚೆ ಬನ್ನಿ ಎಂದಿದ್ದವನು ನಾನು, ಕತ್ತಲು ಇನ್ನೂ ಆಗಿರಲಿಲ್ಲ. ಆ ಸಾಲು ತೆಗೆಯದೆ ಸಹಿ ಹಾಕುವುದಿಲ್ಲ ಎಂದು ಹಠ ಹಿಡಿದೆ. ತಪ್ಪನ್ನು ಗ್ರಾಹಕರ ತಲೆಗೆ ಕಟ್ಟಿ ಫೈಲ್ ಮುಚ್ಚಿದರೆ ಮುಂದಿನ ಲೀಡ್‌ಗೆ ಅದರಿಂದ ಏನು ಗೊತ್ತಾಗುತ್ತದೆ ಹೇಳಿ? ವಾರಗಟ್ಟಲೆ ಮೇಲ್ ಓಡಾಡಿದ ಮೇಲೆ ಸಾಲು ಹೋಯಿತು. ಹಿಮನೀರು ಸಂಜೆ ಏರುತ್ತದೆ ಎಂಬ ಮಾತು ಎಸ್‌ಓಪಿಗೆ, ಅಂದರೆ ಕಂಪನಿಯ ಕಾರ್ಯನಿಯಮಗಳ ಕಡತಕ್ಕೆ, ಬಂತು. ಡ್ಯಾಮ್, ಮಳೆ ಎರಡಕ್ಕೂ ಅದರಲ್ಲಿ ಪುಟಗಟ್ಟಲೆ ಇದ್ದವು, ಬಿಸಿಲಿಗೆ ಒಂದು ಸಾಲೂ ಇರಲಿಲ್ಲ.

ಈಗ ನಾನು ಕ್ಯಾಂಪ್ ತಲುಪಿದ ಕೂಡಲೇ, ಬ್ಯಾಗ್ ಇಳಿಸುವ ಮೊದಲು, ಎಲ್ಲರನ್ನೂ ದಡಕ್ಕೆ ಕರೆದೊಯ್ಯುತ್ತೇನೆ. ನೀರಿನ ಅಂಚಿಗೆ ಅವರ ಕೈಯಲ್ಲೇ ಒಂದು ಕಲ್ಲು ನಿಲ್ಲಿಸುತ್ತೇನೆ. ಊಟಕ್ಕೆ ಮುಂಚೆ ಟಾರ್ಚ್ ಹಿಡಿದು ಮತ್ತೆ ಅಲ್ಲಿಗೇ ಹೋಗಿ ನೋಡುತ್ತೇವೆ. ಇಷ್ಟಾದ ಮೇಲೆ ಯಾರಿಗೂ ಭಾಷಣ ಬೇಕಾಗುವುದಿಲ್ಲ. ದಿಬ್ಬಕ್ಕೆ ಹೋಗುವ ಆಸೆ ಇದ್ದವರನ್ನು ಬೆಳಗ್ಗೆ ಆರಕ್ಕೆ ಎಬ್ಬಿಸುತ್ತೇನೆ, ಎಂಟರೊಳಗೆ ವಾಪಸ್ ಕರೆತರುತ್ತೇನೆ. ತಡವಾಗಿ ತಲುಪಿದ ದಿನ ನದಿ ಕಡೆ ಹೋಗುವಂತೆಯೇ ಇಲ್ಲ, ಎಷ್ಟೇ ಕೇಳಿಕೊಂಡರೂ.

ಮಾರ್ಕೆಟಿಂಗ್‌ನವರಿಗೆ ಮಾತ್ರ ಸಂಜೆ ಬೆಳಕಿನ ಫೋಟೋ ಬೇಕೇ ಬೇಕು. ಹಾಗಾಗಿ ಐಟಿನರರಿಯಲ್ಲಿ ಸಂಜೆ ಐದರ ರಿವರ್ ಟೈಮ್ ಇನ್ನೂ ಹಾಗೇ ಇದೆ. ಮುಂದಿನ ಸೀಸನ್ ಮೀಟಿಂಗ್‌ನಲ್ಲಿ ಅದನ್ನು ಮತ್ತೆ ಎತ್ತುತ್ತೇನೆ. ಅಲ್ಲಿಯವರೆಗೆ ನನ್ನ ಬ್ಯಾಚ್‌ಗೆ ಕೊಡುವ ಪ್ರತಿ ಹಾಳೆಯಲ್ಲೂ ಆ ಸಾಲನ್ನು ನಾನೇ ಪೆನ್ನಿನಿಂದ ಹೊಡೆದು, ಪಕ್ಕದಲ್ಲಿ ಬೆಳಗ್ಗೆ ಆರು ಎಂದು ಬರೆದು ಕೊಡುತ್ತಿದ್ದೇನೆ.