ಎಡಗಡೆ ಹೆಡ್‌ಲೈಟ್ ಯಾಕೆ ಮಂಕು?

16 ನವೆಂಬರ್ 2025, ಭಾನುವಾರ

ತಮ್ಮನ ಪಿಕಪ್‌ನ ಎಡಗಡೆ ಹೆಡ್‌ಲೈಟ್ ಸ್ವಲ್ಪ ದಿನದಿಂದ ಮಂಕಾಗಿತ್ತು. ಪೂರ್ತಿ ಆರಿದ್ದರೆ ಬೇರೆ ಮಾತು. ಇದು ಉರಿಯುತ್ತಿತ್ತು, ಆದರೆ ಎಣ್ಣೆ ತೀರಿದ ಬುಡ್ಡಿ ದೀಪದ ಥರ ಹಳದಿಯಾಗಿ. ಬಲಗಡೆಯದು ಚೆನ್ನಾಗಿಯೇ ಇತ್ತು.

"ಅಣ್ಣಾ, ಹೊಸ ಬಲ್ಬ್ ಹಾಕಿಬಿಡೋಣ, ಮುಗೀತು" ಅಂದ.

ಮುಗಿಯಲ್ಲ ಅಂತ ನನಗೆ ಅನ್ನಿಸಿದ್ದು ಡ್ಯಾಶ್‌ಬೋರ್ಡ್ ನೋಡಿದ ಮೇಲೆ. ಲೋ ಬೀಮ್ ಹಾಕಿದರೂ ಹೈ ಬೀಮ್‌ನ ನೀಲಿ ದೀಪ ಸಣ್ಣಗೆ ಮಿಣುಕುತ್ತಿತ್ತು. ಎಡಗಡೆ ಇಂಡಿಕೇಟರ್ ಹಾಕಿದರೆ ಹೆಡ್‌ಲೈಟ್ ಕೂಡ ಅದರ ತಾಳಕ್ಕೆ ಏರಿ ಇಳಿಯುತ್ತಿತ್ತು. ಹಳೇ ಬಲ್ಬ್ ಇಂಥ ಆಟ ಆಡಲ್ಲ. ಇದು ಅರ್ಥಿಂಗ್ ಕೆಲಸವೇ, ಅಂದರೆ ಕರೆಂಟ್ ಗಾಡಿಯ ಬಾಡಿ ಮೂಲಕ ಬ್ಯಾಟರಿಯ ನೆಗೆಟಿವ್‌ಗೆ ವಾಪಸ್ ಹೋಗುವ ದಾರಿಯ ತೊಂದರೆ.

ಈ ಗಾಡಿಯಲ್ಲಿರುವುದು ಎಚ್4 ಬಲ್ಬ್. ಒಳಗೆ ಎರಡು ಫಿಲಮೆಂಟ್, ಹಿಂದೆ ಮೂರು ಪಿನ್: ಲೋಗೆ ಒಂದು, ಹೈಗೆ ಒಂದು, ಎರಡಕ್ಕೂ ಸೇರಿ ಅರ್ಥ್ ಒಂದು. ಆ ಅರ್ಥ್ ದಾರಿ ಕೆಟ್ಟರೆ ಲೋ ಫಿಲಮೆಂಟಿಗೆ ಬಂದ ಕರೆಂಟ್ ಅಲ್ಲಿಗೇ ಸುಮ್ಮನಾಗುವುದಿಲ್ಲ. ಪಕ್ಕದ ಹೈ ಫಿಲಮೆಂಟ್‌ನಲ್ಲಿ ಉಲ್ಟಾ ಹರಿದು ಹೈ ಬೀಮ್ ವೈರಿಗೆ ನುಗ್ಗುತ್ತದೆ. ಅಲ್ಲಿಂದ ಬಲಗಡೆ ಬಲ್ಬಿನ ಹೈ ಫಿಲಮೆಂಟ್ ದಾಟಿ ಆ ಕಡೆಯ ಅರ್ಥ್ ಸೇರುತ್ತದೆ. ಇಷ್ಟೆಲ್ಲ ಸುತ್ತಿ ಬಂದ ಮೇಲೆ ಬೆಳಕು ಎಲ್ಲಿ ಉಳಿಯುತ್ತೆ? ಡ್ಯಾಶ್‌ಬೋರ್ಡಿನ ನೀಲಿ ದೀಪವೂ ಅದೇ ವೈರಿನಲ್ಲಿ ಇರೋದರಿಂದ ಅದಕ್ಕೂ ಚೂರು ಪಾಲು ಸಿಗುತ್ತದೆ. ಇಂಡಿಕೇಟರಿನ 21 ವ್ಯಾಟ್ ಬಲ್ಬ್ ಕೂಡ ಎಡಗಡೆ ಅದೇ ಅರ್ಥ್ ಬೋಲ್ಟಿಗೆ ಬರುತ್ತದೆ. ಅದು ಹೊತ್ತಿದಾಗೆಲ್ಲ ಇಕ್ಕಟ್ಟಿನ ದಾರಿಯಲ್ಲಿ ಇನ್ನಷ್ಟು ನೂಕುನುಗ್ಗಲು.

ಫ್ಯೂಸ್, ರಿಲೇ (ದೀಪಕ್ಕೆ ಕರೆಂಟ್ ಬಿಡುವ ಸ್ವಿಚ್) ಕಡೆ ಜಾಸ್ತಿ ಹೊತ್ತು ಕಳೆಯಲಿಲ್ಲ. ಫ್ಯೂಸ್ ಹೋದರೆ ದೀಪ ಪೂರ್ತಿ ಆರುತ್ತದೆ, ಮಂಕಾಗಲ್ಲ. ಇದರಲ್ಲಿ ಎರಡೂ ಕಡೆಗೆ ಒಂದೇ ರಿಲೇ. ಬಲಗಡೆ ಸರಿಯಾಗಿ ಉರೀತಿದೆ ಅಂದ ಮೇಲೆ ಅದನ್ನು ಬೈಯೋದು ಯಾಕೆ?

ತಮ್ಮ ಹೋಲ್ಡರ್ ಕಿತ್ತು ಮಲ್ಟಿಮೀಟರ್ ಇಟ್ಟ. ಲೋ ಪಿನ್ನಿಗೂ ಅರ್ಥ್ ಪಿನ್ನಿಗೂ ನಡುವೆ 12 ವೋಲ್ಟ್‌ಗಿಂತ ಜಾಸ್ತಿಯೇ ತೋರಿಸಿತು. "ನೋಡಣ್ಣ, ಪೂರ್ತಿ ಬರ್ತಿದೆ." ಬರುತ್ತೆ, ಬರದೇ ಏನು! ಮೀಟರ್ ಎಳೆಯುವ ಕರೆಂಟ್ ಲೆಕ್ಕಕ್ಕೇ ಇಲ್ಲ. ಒಂದೇ ಒಂದು ಎಳೆ ತಂತಿ ಉಳಿದಿದ್ದರೂ ಅದು ಪೂರ್ತಿ ವೋಲ್ಟೇಜ್ ತೋರಿಸುತ್ತದೆ. 55 ವ್ಯಾಟ್ ಫಿಲಮೆಂಟಿಗೆ ನಾಲ್ಕೂವರೆ ಆಂಪಿಯರ್ ಮೇಲೆ ಬೇಕು. ಹಾಗಾಗಿ ಬಲ್ಬ್ ಹಾಕಿ, ದೀಪ ಉರಿಸಿಕೊಂಡೇ ಅಳೆಯಬೇಕು.

ಹೋಲ್ಡರ್ ಮತ್ತೆ ಕೂರಿಸಿದೆವು. ಮೀಟರಿನ ಕಪ್ಪು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಕೆಂಪು ಕಡ್ಡಿ ಹೋಲ್ಡರಿನ ಹಿಂದಿನಿಂದ ಅರ್ಥ್ ಪಿನ್ನಿಗೆ. ಲೈಟ್ ಆನ್. ಸರಿ ಇರುವ ಅರ್ಥ್ ಆದರೆ 0.1, ಹೆಚ್ಚೆಂದರೆ 0.2 ವೋಲ್ಟ್ ಬರಬೇಕು. ಇಲ್ಲಿ ಐದರ ಹತ್ತಿರ! ಬಲ್ಬಿಗೆ ಸಿಗಬೇಕಾದ ವೋಲ್ಟೇಜು ದಾರಿಯಲ್ಲೇ ಕರಗುತ್ತಿತ್ತು. ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜ್ ನೂರಕ್ಕೆ ಹತ್ತು ಕಮ್ಮಿಯಾದರೂ ಬೆಳಕು ನೂರಕ್ಕೆ ಮೂವತ್ತರಷ್ಟು ಇಳಿಯುತ್ತದೆ. ಐದು ವೋಲ್ಟ್ ಹೋದರೆ ಇನ್ನೇನು ಉಳಿದೀತು.

ಅರ್ಥ್ ಬೋಲ್ಟ್ ಇದ್ದದ್ದು ದೀಪದ ಹಿಂದೆ, ಕೈ ಹೋಗದ ಸಂದಿಯಲ್ಲಿ. ಗಾಡಿ ಡಿಸೈನ್ ಮಾಡುವವರು ಒಮ್ಮೆ ತಾವೇ ಸ್ಪ್ಯಾನರ್ ಹಿಡಿದು ಇಲ್ಲಿ ಕೈ ತೂರಿಸಿ ನೋಡಬೇಕು. ಮೊದಲು ಬ್ಯಾಟರಿ ನೆಗೆಟಿವ್ ಬಿಚ್ಚಿಟ್ಟು, ಆಮೇಲೆ ಬೋಲ್ಟ್ ತಿರುಗಿಸಿದೆ. ಲಗ್ (ಬೋಲ್ಟಿಗೆ ಸಿಕ್ಕಿಸುವ, ವೈರಿನ ತುದಿಯ ಲೋಹದ ಬಳೆ) ಕೆಳಗೆ ತಗಡು ತುಕ್ಕು ಹಿಡಿದು ಪದರ ಪದರ ಎದ್ದಿತ್ತು. ವೈರ್ ಲಗ್ಗಿಗೆ ಸೇರುವ ಕಡೆ ಹಸಿರು ಕಿಲುಬು. ವೈರಿನ ಸಿಪ್ಪೆ ಸುಲಿದರೆ ಒಳಗೂ ತಾಮ್ರ ಕಪ್ಪಾಗಿತ್ತು. ಎಳೆಗಳು ಬೆರಳಲ್ಲಿ ಮುಟ್ಟಿದರೆ ಪುಡಿಪುಡಿ. ಹೊರಗಿಂದ ನೋಡಿದರೆ ಮಾತ್ರ ವೈರ್ ಹೊಸದರ ಹಾಗೆ!

ಹೊಳೆಯುವ ತಾಮ್ರ ಕಾಣುವವರೆಗೂ ವೈರ್ ಕತ್ತರಿಸುತ್ತಾ ಹೋದೆ. ಉದ್ದ ಸಾಲಲಿಲ್ಲ. ಅದೇ ದಪ್ಪದ ತುಂಡು ಸೇರಿಸಿ, ಹೊಸ ಲಗ್ ಒತ್ತಿ, ತಗಡನ್ನು ಎಮರಿ ಪೇಪರಿನಿಂದ ಬೆಳ್ಳಗೆ ಉಜ್ಜಿ ಬಿಗಿ ಮಾಡಿದೆ. ಬಿಗಿ ಮಾಡಿದ ಮೇಲೆ ಮೇಲಿಂದ ಗ್ರೀಸ್ ಬಳಿದೆ, ಇನ್ನು ನೀರು ಹೋಗದಿರಲಿ ಅಂತ. ಬ್ಯಾಟರಿ ಜೋಡಿಸಿ ಮತ್ತೆ ಅಳೆದರೆ 0.06. ನೀಲಿ ದೀಪ ಆರಿತ್ತು. ಇಂಡಿಕೇಟರ್ ಹಾಕಿದರೂ ಹೆಡ್‌ಲೈಟ್ ಅಲುಗಲಿಲ್ಲ. ಬಲಗಡೆ ಅಳೆದಾಗ 0.4 ಬಂತು. ಅದನ್ನೂ ಬಿಚ್ಚಿ ಉಜ್ಜಿದ್ದಾಯ್ತು.

ಬೆಳಕು ನೋಡಿ ತಮ್ಮನಿಗೆ ಆಸೆ ಜಾಸ್ತಿ ಆಯ್ತು. "100 ವ್ಯಾಟ್ ಬಲ್ಬ್ ಹಾಕಿದ್ರೆ ಇನ್ನೂ ಚೆನ್ನಾಗಿರುತ್ತೆ ಅಲ್ವಾ ಅಣ್ಣಾ?" ಬೇಡವೇ ಬೇಡ ಅಂದೆ. ಹೈ ಬೀಮ್‌ಗೆ ಈಗಿರುವ 60 ವ್ಯಾಟ್ ಎಂದರೆ ಐದು ಆಂಪಿಯರ್, 100 ಆದರೆ ಎಂಟರ ಮೇಲೆ. ಕಂಪನಿ ವೈರು ಅದಕ್ಕೆ ಮಾಡಿದ್ದಲ್ಲ. ಈಗಲೇ ಎಡಗಡೆ ಹೋಲ್ಡರಿನಲ್ಲಿ ಅರ್ಥ್ ಪಿನ್ ಕೂರುವ ಕಡೆ ಪ್ಲಾಸ್ಟಿಕ್ ಬಿಸಿಗೆ ಕಂದಿದೆ. ಸೆರಾಮಿಕ್ ಹೋಲ್ಡರ್ ತಾ, ಮುಂದಿನ ಭಾನುವಾರ ಹಾಕೋಣ ಅಂತ ಹೇಳಿ ಕಳಿಸಿದ್ದೇನೆ.